ಕಡಲೂರಿನ ಇರುಳ ಹಾಡು

ಮಂಗಳೂರಿನಲ್ಲಿ ಸರಿಸುಮಾರು ಒಂದು ವರ್ಷದ ಅಂತರದಲ್ಲಿ ಎರಡು ಘಟನೆಗಳು ನಡೆದವು. 2008ರ ಜನವರಿ 26ರಂದು ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಹಾಡುಗಾರರು ಹಾಡಲು ತೊಡಗಿದರು. ಹಗಲು ಹಾಡಿದರು, ರಾತ್ರಿ ಹಾಡಿದರು, ಮರುದಿನವೂ ಹಾಡಿದರು. ಒಟ್ಟು 40 ಗಂಟೆ. ಬ್ರೆಜಿಲಿನ ಒಂದು ಚರ್ಚಿನವರ ಹೆಸರಿನಲ್ಲಿದ್ದ 36 ಗಂಟೆಗಳ ಗಿನ್ನೆಸ್ ದಾಖಲೆ ಅಲ್ಲಿಗೆ ಮುರಿಯಿತು. ಮುಂದಿನ ವರ್ಷ, 2009ರ ಜನವರಿ 24ರ ಶನಿವಾರ, ಅದೇ ಊರಿನ ಬಲ್ಮಠದ 'ಅಮ್ನೇಶಿಯಾ' ಎಂಬ ಪಬ್ಬಿಗೆ ಶ್ರೀರಾಮ ಸೇನೆಯ ಸುಮಾರು ನಲವತ್ತು ಮಂದಿ ನುಗ್ಗಿದರು. ಒಳಗಿದ್ದ ಹುಡುಗ ಹುಡುಗಿಯರನ್ನು ಹೊಡೆದರು. ಹುಡುಗಿಯರನ್ನು ಬೆನ್ನಟ್ಟಿ ನೆಲಕ್ಕೆ ಕೆಡವಿದರು. ಟಿವಿ ಕ್ಯಾಮೆರಾಗಳ ಎದುರಿಗೇ ಇದು ನಡೆದುದರಿಂದ ಇಡೀ ದೇಶ ಅದನ್ನು ನೋಡಿತು.

ಮೊದಲಿನದನ್ನು ಸಂಸ್ಕೃತಿ ಎಂದರು. ಎರಡನೆಯದರಲ್ಲಿ ಏಟು ತಿಂದವರದ್ದನ್ನು 'ಪಬ್ ಸಂಸ್ಕೃತಿ' ಎಂದರು. ಆದರೆ ಕಲಾಂಗಣದಲ್ಲಿ ಮೊಳಗಿದ ಹಾಡುಗಳ ಪೂರ್ವಿಕರೂ ಒಂದು ಕಾಲದಲ್ಲಿ ಅಪರಾಧಿಗಳೇ ಆಗಿದ್ದರು. ಆ ಕತೆ ಬಹಳ ಮಂದಿಗೆ ಗೊತ್ತಿಲ್ಲ.

ಘಟ್ಟದ ಮೇಲಿನ ಆನಂದಪುರದಲ್ಲಿ ಕುಳಿತು ಮಂಗಳೂರಿನ ಹಾಡಿನ ಬಗ್ಗೆ ಯಾಕೆ ಬರೆಯಬೇಕು ಎಂದು ಓದುಗರು ಕೇಳಬಹುದು. ಈ ಕತೆಯ ಒಂದು ತುದಿ ನಮ್ಮಲ್ಲೇ ಇದೆ. ಇಕ್ಕೇರಿ, ಆಮೇಲೆ ಈಗ ಹೊಸನಗರ ತಾಲೂಕಿಗೆ ಸೇರಿದ ಬಿದನೂರು, ಇವುಗಳಿಂದ ಆಳಿದ ಕೆಳದಿ ನಾಯಕರ ಕೈಯಲ್ಲಿ ಮಂಗಳೂರೂ ಇತ್ತು. 1650ರ ದಶಕದಲ್ಲಿ ಶಿವಪ್ಪನಾಯಕನು ಹೊನ್ನಾವರ, ಕುಂದಾಪುರ, ಮಂಗಳೂರುಗಳ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ಪೋರ್ಚುಗೀಸರೊಂದಿಗೆ ಇಷ್ಟು ಜಗಳವಾಡಿದ ನಾಯಕರ ಸೀಮೆಗೇ ಗೋವೆಯಿಂದ ಕೊಂಕಣಿ ಕ್ರೈಸ್ತರು ಹಿಂಡುಹಿಂಡಾಗಿ ಬಂದು ನೆಲೆಸಿದರು. ಅವರು ಬೇಸಾಯದಲ್ಲಿ ಪಳಗಿದ ಜನ. ಪಾಳು ನೆಲವನ್ನು ಹದಮಾಡುವವರು ಕೆಳದಿಯವರಿಗೆ ಬೇಕಾಗಿದ್ದರು. ಭೂಮಿ ಸಿಕ್ಕಿತು, ಇಗರ್ಜಿಗಳು ಎದ್ದವು.

ಅವರು ಗೋವೆ ಬಿಟ್ಟುದಕ್ಕೆ ಮರಾಠರ ದಾಳಿ, ತೆರಿಗೆ, ಹಸಿವು ಹೀಗೆ ಅನೇಕ ಕಾರಣಗಳಿದ್ದವು. ಅವುಗಳಲ್ಲಿ ಒಂದು ಇನ್‌ಕ್ವಿಸಿಷನ್, ಅಂದರೆ ಧರ್ಮವಿಚಾರಣೆಯ ನ್ಯಾಯಾಲಯ. 1560ರಲ್ಲಿ ಗೋವೆಯಲ್ಲಿ ಶುರುವಾದ ಇದು ನಡುವೆ ನಾಲ್ಕು ವರ್ಷ ನಿಂತದ್ದು ಬಿಟ್ಟರೆ 1812ರವರೆಗೂ ನಡೆಯಿತು. ಇದರ ಕಣ್ಣು ಬೇರೆ ಧರ್ಮದವರ ಮೇಲಷ್ಟೇ ಇರಲಿಲ್ಲ. ಕ್ರೈಸ್ತರಾದ ಕೊಂಕಣಿಗರು ಮನೆಯೊಳಗೆ ಏನು ಉಡುತ್ತಾರೆ, ಏನು ಹಾಡುತ್ತಾರೆ ಎಂಬುದನ್ನೂ ಅದು ವಿಚಾರಿಸಿತು. 1736ರಲ್ಲಿ ಅದು ಹೊರಡಿಸಿದ ಆಜ್ಞೆಯಲ್ಲಿ ಮದುವೆಗೆ ವೀಳ್ಯದೆಲೆ ಅಡಿಕೆ ಹಂಚಕೂಡದು, ಅಂಗಳದಲ್ಲಿ ತುಳಸಿ ನೆಡಕೂಡದು ಎಂಬುದರ ಜೊತೆಗೆ ವೊವಿಯೊ ಹಾಡಕೂಡದು ಎಂದೂ ಇತ್ತು. ವೊವಿಯೊ ಎಂದರೆ ಮದುವೆಯ ಮುನ್ನಾದಿನ ಹೆಂಗಸರು ಕೂಡಿ ಹೇಳುವ ಕೊಂಕಣಿ ಹಾಡು. ಹಾಡುವವರು ಹೆಂಗಸರು, ಹಾಡುವ ಜಾಗ ಮನೆ. ಅದಕ್ಕೂ ಸರಕಾರಿ ಕಟ್ಟಳೆ!

ಕೆಳದಿಯ ಸೀಮೆಯಲ್ಲಿ ಆ ಆಜ್ಞೆಗೆ ಬೆನ್ನಾಗಿ ನಿಲ್ಲುವ ಪೋರ್ಚುಗೀಸ್ ಸಿಪಾಯಿಗಳಿರಲಿಲ್ಲ. ಮಂಗಳೂರಿನ ಕ್ರೈಸ್ತರ ಮದುವೆಯಲ್ಲಿ ಇಂದಿಗೂ ರೋಸ್ ಇದೆ. ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಅದು. ಅಲ್ಲಿ ವೊವಿಯೊ ಇದೆ. ಗುಮಟ್ ಇದೆ. ಗುಮಟ್ ಎಂದರೆ ಎರಡು ಬಾಯಿಯ ಮಣ್ಣಿನ ಮಡಕೆ. ಅಗಲದ ಬಾಯಿಗೆ ತೊಗಲು ಬಿಗಿದು ಒಂದು ಕೈಯಲ್ಲಿ ಬಡಿಯುತ್ತಾರೆ, ಇನ್ನೊಂದು ಕೈಯಿಂದ ಸಣ್ಣ ಬಾಯನ್ನು ಮುಚ್ಚಿ ತೆರೆದು ದನಿಯನ್ನು ತಿದ್ದುತ್ತಾರೆ. ಕುಂದಾಪುರದ ಕಡೆಯ ಕುಡುಬಿಯರು ಹೋಳಿಯಲ್ಲಿ, ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರು ತಮ್ಮ ಹಬ್ಬಗಳಲ್ಲಿ ಇದನ್ನೇ ಗುಮಟೆ ಎನ್ನುತ್ತಾರೆ. ದೇವರುಗಳು ಬೇರೆ, ಮಡಕೆ ಒಂದೇ. ಮೊದಲು ಅದಕ್ಕೆ ಉಡದ ತೊಗಲು ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಉಡ ಮುಟ್ಟುವುದು ಅಪರಾಧವಾಯಿತು, ಈಗ ಆಡಿನ ತೊಗಲು. ಗೋವಾ ಸರಕಾರ 2019ರಲ್ಲಿ ಈ ವಾದ್ಯವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಹೇಳದಿದ್ದರೆ ಈ ಪುಟಗಳಲ್ಲಿ ಬೇರೆಯವರ ತಪ್ಪನ್ನಷ್ಟೇ ಎಣಿಸಿದಂತಾದೀತು. 1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಈ ಜನರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಎಷ್ಟು ಸಾವಿರ ಮಂದಿ ಎಂಬುದರಲ್ಲಿ ಇತಿಹಾಸಕಾರರು ಒಂದೇ ಲೆಕ್ಕ ಹೇಳುವುದಿಲ್ಲ. ಬ್ರಿಟಿಷರಿಗೆ ನೆರವಾದರೆಂಬ ಆರೋಪವಿತ್ತು, ರಾಜಕೀಯ ಕಾರಣವಿತ್ತು ಎಂದೆಲ್ಲ ನಾವು ವಾದಿಸಬಹುದು. ಹಾಲುಗೂಸನ್ನು ಎತ್ತಿಕೊಂಡು ಘಟ್ಟ ಹತ್ತಿದ ತಾಯಿಗೆ ಅದೆಲ್ಲ ಉತ್ತರವಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಉಳಿದವರು ಮಂಗಳೂರಿಗೆ ಮರಳಿದರು. ಅಂಥ ಸೆರೆಯ ಆಚೆಗೂ ಉಳಿದು ಬಂದ ಹಾಡನ್ನು ಲಘುವಾಗಿ ನೋಡಲಾಗದು.

ಬಂದರುಗಳಲ್ಲಿ ಹಾಡು ಸರಕಿನ ಜೊತೆ ಇಳಿಯುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಅಮೆರಿಕದ ಗ್ರಾಮಫೋನ್ ತಟ್ಟೆಗಳನ್ನು ತಂದವರಲ್ಲಿ ಹಡಗಿನ ಕೆಲಸಗಾರರೂ ಇದ್ದರು. ಅಲ್ಲಿ 1957ರ ಜನವರಿ 16ರಂದು ಮ್ಯಾಥ್ಯೂ ಸ್ಟ್ರೀಟಿನ ಒಂದು ನೆಲಮಾಳಿಗೆಯಲ್ಲಿ 'ಕ್ಯಾವರ್ನ್ ಕ್ಲಬ್' ತೆರೆಯಿತು. ತೆರೆದದ್ದು ಜಾಜ್ ಸಂಗೀತಕ್ಕೆ. ಅದೇ ವರ್ಷ ಜಾನ್ ಲೆನನ್ ಎಂಬ ಹದಿಹರೆಯದ ಹುಡುಗನ ತಂಡ ಅಲ್ಲಿ ರಾಕ್ ಹಾಡಲು ಹೊರಟಾಗ ಅದನ್ನು ನಿಲ್ಲಿಸಿ ಎಂದು ಮಾಲಿಕ ವೇದಿಕೆಗೆ ಚೀಟಿ ಕಳಿಸಿದ. ಮುಂದೆ ಅದೇ ಹುಡುಗ 'ಬೀಟಲ್ಸ್' ಆಗಿ 1961ರಿಂದ 1963ರವರೆಗೆ ಸುಮಾರು 290 ಬಾರಿ ಅಲ್ಲಿ ಹಾಡಿದ. ನಮ್ಮ ಓದುಗರಿಗೆ ಒಂದು ಸಂಗತಿ ಕುತೂಹಲ ತರಬಹುದು. ಜಗತ್ತಿನ ಸಂಗೀತವನ್ನೇ ಬದಲಿಸಿದ ಆ ಕ್ಲಬ್ಬಿಗೆ ಆ ವರ್ಷಗಳಲ್ಲಿ ಮದ್ಯದ ಲೈಸೆನ್ಸ್ ಇರಲಿಲ್ಲ. ಚಹಾ, ಸೂಪು, ತಂಪು ಪಾನೀಯ, ಇಷ್ಟೇ. ಆದರೂ ಊರ ಹಿರಿಯರು ಮೂಗು ಮುರಿದರು. ಹಾಗಾದರೆ ಅವರ ಕೋಪ ಬಾಟಲಿಯ ಮೇಲೆ ಇರಲಿಲ್ಲ ಎಂದಾಯಿತು.

ಮಂಗಳೂರಿನಲ್ಲಿ ಈ ಹೊಸ ಗಾಳಿಯನ್ನು ಕೊಂಕಣಿಗೆ ತಂದವರು ವಿಲ್ಫಿ ರೆಬಿಂಬಸ್ (1942–2010). ಗಿಟಾರ್, ಟ್ರಂಪೆಟ್, ಡ್ರಮ್ಮು ಎಲ್ಲ ಇಟ್ಟುಕೊಂಡು ಹಳ್ಳಿ ಮನೆಯ ಅಳಲನ್ನು, ನಗೆಯನ್ನು ಹಾಡಿದರು. ಅವರ ಕಾರ್ಯಕ್ರಮಕ್ಕೆ 'ವಿಲ್ಫಿ ನೈಟ್' ಎಂದೇ ಹೆಸರು. ಮಂಗಳೂರಿನಿಂದ ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಆ ರಾತ್ರಿಗಳು ಪಯಣಿಸಿದವು. 'ಕೊಂಕಣ ಕೋಗಿಲೆ' ಎಂದು ಜನ ಕರೆದರು. ಕೊಲ್ಲಿಯ ಬಿಸಿಲಲ್ಲಿ ದುಡಿಯುವ ಕರಾವಳಿಯವನಿಗೆ, ಅವನು ಪಿಂಟೋ ಇರಲಿ ಬ್ಯಾರಿ ಇರಲಿ, ಊರ ಕ್ಯಾಸೆಟ್ ಎಂದರೆ ಏನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಎದುರಾಗಿ ಎನ್ನುವಂತೆ 1986ರ ನವೆಂಬರ್ 30ರಂದು 'ಮಾಂಡ್ ಸೊಭಾಣ್' ಹುಟ್ಟಿತು. ಅದರ ಹಿಂದಿದ್ದವರು ಎರಿಕ್ ಒಝೇರಿಯೊ. ಮಾಂಡ್ ಎಂದರೆ ಊರವರು ಕೂಡಿ ಹಾಡಿ ಕುಣಿಯುವ ಬಯಲು. ಪಾಶ್ಚಾತ್ಯ ಧಾಟಿಯ ಅನುಕರಣೆ ಸಾಕು, ನಮ್ಮ ಗುಮಟ್ ಎಲ್ಲಿ, ನಮ್ಮ ವೊವಿಯೊ ಎಲ್ಲಿ ಎಂಬುದು ಅವರ ಪ್ರಶ್ನೆ. ಯಾವುದನ್ನು ಗೋವೆಯ ವಿಚಾರಣಾಧಿಕಾರಿಗಳು ನಾಚಿಕೆಯ ವಸ್ತು ಮಾಡಿದ್ದರೋ ಅದನ್ನೇ ವೇದಿಕೆಗೆ ತಂದರು. 2002ರಿಂದ ಕಲಾಂಗಣದಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಒಂದು ಕಾರ್ಯಕ್ರಮ ಎಂಬ ಪದ್ಧತಿ ಬೆಳೆಯಿತು. 40 ಗಂಟೆಗಳ ಹಾಡು ಹುಟ್ಟಿದ್ದು ಈ ಪರಿಶ್ರಮದಿಂದ. ನನ್ನ ಮಟ್ಟಿಗೆ ವಿಲ್ಫಿಯ ಟ್ರಂಪೆಟ್ಟೂ ಬೇಕು, ಒಝೇರಿಯೊರ ಮಡಕೆಯೂ ಬೇಕು. ಶುದ್ಧ ಯಾವುದು ಎಂಬ ಜಗಳದಲ್ಲಿ ಹಾಡುಗಾರರು ಪರಸ್ಪರ ವಾದಿಸಿದರೆ ಒಳ್ಳೆಯ ಹಾಡು ಹುಟ್ಟುತ್ತದೆ. ಹಾಡದವರು ತೀರ್ಪು ಕೊಡಲು ಬಂದಾಗ ಕೋಲು ಹುಟ್ಟುತ್ತದೆ.

ಕೋಲು ಬರಲು ತಡವಾಗಲಿಲ್ಲ. 40 ಗಂಟೆ ಹಾಡಿದ ಅದೇ 2008ರ ಸೆಪ್ಟೆಂಬರ್ 14ರಂದು ಮಂಗಳೂರು ಮತ್ತು ಸುತ್ತಿನ ಚರ್ಚುಗಳ ಮೇಲೆ ದಾಳಿಯಾಯಿತು. ನಾಲ್ಕು ತಿಂಗಳಲ್ಲಿ ಪಬ್ ದಾಳಿ. ದಾಳಿ ನಡೆದದ್ದು ರಾತ್ರಿಯಲ್ಲ, ಸಂಜೆಗಿಂತ ಮುಂಚೆ. 'ರಾತ್ರಿ ಹೊತ್ತು ಹೆಣ್ಣುಮಕ್ಕಳಿಗೆ ಅಲ್ಲೇನು ಕೆಲಸ' ಎಂದು ಆಮೇಲೆ ಕೇಳಿದವರು ಗಡಿಯಾರವನ್ನೂ ನೋಡಿರಲಿಲ್ಲ. ಜನವರಿ 27ರಂದು ಪ್ರಮೋದ್ ಮುತಾಲಿಕ್ ಬಂಧನವಾಯಿತು. ರಾಷ್ಟ್ರೀಯ ಮಹಿಳಾ ಆಯೋಗದಿಂದ ವಿಚಾರಣೆಗೆ ಬಂದ ಸದಸ್ಯೆ ನಿರ್ಮಲಾ ವೆಂಕಟೇಶ್ ಪಬ್ಬಿನ ಭದ್ರತೆಯ ಕೊರತೆಯನ್ನು ಎತ್ತಿ ಆಡಿದರು, ಆಮೇಲೆ ಆಯೋಗದಿಂದ ಹೊರಬಿದ್ದರು. ಫೆಬ್ರವರಿಯಲ್ಲಿ ದೇಶದ ಹುಡುಗಿಯರು ಗುಲಾಬಿ ಬಣ್ಣದ ಚಡ್ಡಿಗಳನ್ನು ಅಂಚೆಯಲ್ಲಿ ಸೇನೆಯ ಕಚೇರಿಗೆ ಕಳಿಸಿ ನಕ್ಕರು.

ಆಗ ನಮ್ಮವರಲ್ಲೂ ಕೆಲವರು ತಲೆದೂಗಿದ್ದನ್ನು ನಾನು ಕಂಡಿದ್ದೇನೆ. 'ಪಬ್ಬಿಗೆ ತಾನೇ ಹೊಡೆದದ್ದು, ಶರಾಬು ಹರಾಮು ಅಲ್ಲವೇ' ಎಂದರು. ಶರಾಬು ಹರಾಮು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಡೆದವರು ಶರೀಅತ್ತಿನ ಕಾಳಜಿಯಿಂದ ಹೊಡೆದಿರಲಿಲ್ಲ. ಬಸ್ಸಿನಲ್ಲಿ ಸಹಪಾಠಿಯ ಪಕ್ಕ ಕುಳಿತ ಮುಸ್ಲಿಂ ಹುಡುಗನನ್ನು ಕೆಳಗಿಳಿಸಿ ಥಳಿಸುವ ಕೈಗಳಿಗೂ ಪಬ್ಬಿನ ಕೈಗಳಿಗೂ ವ್ಯತ್ಯಾಸವಿಲ್ಲ.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗೋಣ. ನಮ್ಮ ಮನೆಗಳ ರತ್‌ಜಗಾ ಎಲ್ಲಿ ಹೋಯಿತು? ಉರ್ದು ಮಾತಾಡುವ ಕುಟುಂಬಗಳಲ್ಲಿ ಮದುವೆಗೆ ಮುಂಚೆ ಹೆಂಗಸರು ಇಡೀ ರಾತ್ರಿ ಎಚ್ಚರವಿದ್ದು ಢೋಲಕ್ ಬಡಿದು ಹಾಡುತ್ತಿದ್ದ ರಾತ್ರಿ ಅದು. ಒಂದು ಮೂಲೆಯಲ್ಲಿ ಬಾಣಲೆ, ಅದರಲ್ಲಿ ಗುಲ್‌ಗುಲೆ. ಗಂಡಸರಿಗೆ ಪ್ರವೇಶವಿಲ್ಲ. ಸೋದರತ್ತೆಯನ್ನು ಗೇಲಿ ಮಾಡುವ ಹಾಡು, ಅತ್ತೆಯನ್ನು ಬಯ್ಯುವ ಹಾಡು, ನಡುವೆ ನಾತ್, ಬೆಳಗಿನ ಜಾವಕ್ಕೆ ತವರಿನ ಹಾಡು, ಅಳು. ಹಗಲಿನಲ್ಲಿ ಸೆರಗು ಜಾರದಂತೆ ಮೆಲ್ಲಗೆ ಮಾತಾಡುವ ಖಾಲಾಗಳು ಆ ರಾತ್ರಿ ಬಾಯಿ ಬಿಟ್ಟು ನಗುತ್ತಿದ್ದರು. ಗುಪ್ತ ಕ್ಲಬ್ಬು ಎನ್ನುವುದಾದರೆ ಇದಕ್ಕಿಂತ ಗುಪ್ತವಾದದ್ದು ಯಾವುದು? ಕರಾವಳಿಯ ಬ್ಯಾರಿಗಳಲ್ಲಿ ಮದುವೆಯ ಮೈಲಾಂಜಿ ರಾತ್ರಿಯ ಹಾಡು, ಗಂಡಸರ ಕೋಲ್ಕಳಿ, ದಫ್ ಇದ್ದವು. ಇವನ್ನೆಲ್ಲ ಬಿದ್‌ಅತ್ ಎಂದು ಬದಿಗೆ ಸರಿಸಿದವರು ಹೊರಗಿನವರಲ್ಲ. ದಫ್ಫು, ಕೋಲ್ಕಳಿಗಳಿಗೆ ಬ್ಯಾರಿ ಸಮ್ಮೇಳನಗಳಲ್ಲಿ, 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದ ಮೇಲೆ ಅದರ ವೇದಿಕೆಗಳಲ್ಲಿ ಜಾಗ ಸಿಕ್ಕಿತು. ಹೆಂಗಸರ ಹಾಡಿಗೆ ವೇದಿಕೆ ಸಿಗುವುದು ಕಷ್ಟ. ಅದು ವೇದಿಕೆಗೆ ಹುಟ್ಟಿದ್ದಲ್ಲ.

ಬಿಜಾಪುರದ ಸೂಫಿಗಳು ಇಷ್ಟು ಹೆದರಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಅವರ ಬಳಗ ದಖನಿ ನುಡಿಯಲ್ಲಿ ಚಕ್ಕೀನಾಮಾಗಳನ್ನು ರಚಿಸಿತು. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣು ಹಿಟ್ಟಿನ ಜೊತೆಗೆ ದೇವರ ನೆನಪನ್ನೂ ಬೀಸಲಿ ಎಂದು. ನಮ್ಮ ಕನ್ನಡದ ಬೀಸುವ ಪದಗಳಿಗೆ ಇವು ಅಕ್ಕತಂಗಿಯರು. ದೀನ್ ಹಳ್ಳಿಯ ಒಲೆಯವರೆಗೆ ಹೋಗಿದ್ದರೆ ಹಾಡಿನ ಹೆಗಲೇರಿ ಹೋಗಿದೆ ಎಂದು ಆ ಸೂಫಿಗಳ ಮೇಲೆ ಕೆಲಸ ಮಾಡಿದ ಇತಿಹಾಸಕಾರ ರಿಚರ್ಡ್ ಈಟನ್ ಅವರನ್ನು ಓದಿದಾಗ ಅನ್ನಿಸುತ್ತದೆ.

ಮತ್ತೆ ಮಂಗಳೂರಿಗೆ ಬರೋಣ. 2012ರ ಜುಲೈ 28ರಂದು ಪಡೀಲಿನ ಒಂದು ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ದಾಳಿಯಾಯಿತು. ಅದನ್ನು ಚಿತ್ರೀಕರಿಸಿ ಲೋಕಕ್ಕೆ ತೋರಿಸಿದ ಪತ್ರಕರ್ತ ನವೀನ್ ಸೂರಿಂಜೆ ನವೆಂಬರಿನಲ್ಲಿ ತಾವೇ ಜೈಲು ಸೇರಿದರು, ಹೊರಬಂದದ್ದು ಮರುವರ್ಷ ಮಾರ್ಚಿನಲ್ಲಿ.

ಕಾನೂನು ತನ್ನ ದಾರಿಯಲ್ಲಿ ಸಾಗಿತ್ತು. ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪೊಲೀಸ್ ಲೈಸೆನ್ಸ್ ಕಡ್ಡಾಯ ಮಾಡುವ ಆದೇಶವೊಂದು 2005ರಲ್ಲಿ ಬಂದಿತ್ತು. ಲೈವ್ ಬ್ಯಾಂಡು, ಕ್ಯಾಬರೆ, ಡಿಸ್ಕೊ ಎಲ್ಲವನ್ನೂ ಅದು ಒಂದೇ ಗೋಣಿಗೆ ತುಂಬಿತ್ತು. 2018ರ ಜನವರಿ 25ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವರ್ಷವೇ ಬೆಂಗಳೂರಿನ ಎಷ್ಟೋ ಪಬ್ಬುಗಳಲ್ಲಿ ಗಿಟಾರು ಹಿಡಿದು ಹೊಟ್ಟೆ ಹೊರೆಯುತ್ತಿದ್ದ ಹುಡುಗರ ಹಾಡು ನಿಂತಿತು. ಅದೇ 2018ರ ಮಾರ್ಚಿನಲ್ಲಿ ಮಂಗಳೂರಿನ ನ್ಯಾಯಾಲಯ ಪಬ್ ದಾಳಿಯ ಆರೋಪಿಗಳನ್ನು, ಮುತಾಲಿಕರೂ ಸೇರಿದಂತೆ, ಸಾಕ್ಷ್ಯಗಳ ಕೊರತೆಯಿಂದ ಬಿಡುಗಡೆ ಮಾಡಿತು. ಇಡೀ ದೇಶ ಟಿವಿಯಲ್ಲಿ ಕಂಡ ಘಟನೆ ಒಂಬತ್ತು ವರ್ಷಗಳಲ್ಲಿ ಸಾಕ್ಷಿಯಿಲ್ಲದ ಘಟನೆಯಾಗಿತ್ತು.

2022ರ ಜುಲೈ 25ರ ರಾತ್ರಿ ಬಲ್ಮಠದ ಇನ್ನೊಂದು ಪಬ್ಬಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಸೇರಿದ್ದರು. ಬಜರಂಗದಳದವರು ಬಾಗಿಲಿಗೆ ಬಂದರು. ಈ ಸಲ ಹೊಡೆತವಿರಲಿಲ್ಲ. ವಿದ್ಯಾರ್ಥಿಗಳು ಪಾರ್ಟಿಯನ್ನು ಅರ್ಧಕ್ಕೆ ಬಿಟ್ಟು ಹೊರಟುಹೋದರು.