ಕಟ್ಟು ಬಿಚ್ಚಿದ ಮೇಲೆ

ಬೆಂಗಳೂರಿನಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಬಾಗೇಪಲ್ಲಿ ದಾಟಿದವರಿಗೆ ಆಂಧ್ರದ ಗಡಿಯಲ್ಲಿ ಎದುರಾಗುವ ಹೆಸರು ಕೊಡಿಕೊಂಡ. ಚೆಕ್‌ಪೋಸ್ಟಿನ ಬಳಿ ಒಂದು ರಸ್ತೆ ಲೇಪಾಕ್ಷಿ, ಹಿಂದೂಪುರದ ಕಡೆಗೆ ಹೊರಳುತ್ತದೆ. ಪುಟ್ಟಪರ್ತಿಗೆ ಹೋಗುವವರೂ ಇದೇ ಹೆದ್ದಾರಿಯಲ್ಲಿ ಬರುತ್ತಾರೆ. ಈ ಭಾಗ 2022ರಲ್ಲಿ ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯಾಯಿತು. ಭಾಷೆ ಮಾತ್ರ ಗಡಿಯನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಲೇಪಾಕ್ಷಿಯ ವೀರಭದ್ರನ ಗುಡಿಯಲ್ಲಿ ಕನ್ನಡ ಶಾಸನಗಳಿವೆ, ಪಕ್ಕದ ಮಡಕಶಿರದ ಎಷ್ಟೋ ಊರುಗಳಲ್ಲಿ ಇವತ್ತಿಗೂ ಕನ್ನಡವೇ ಮನೆಮಾತು.

ಇಂಥ ಸೀಮೆಯಲ್ಲಿ ಒಬ್ಬರು ಹುಣಸೆಮರದಿಂದಲೋ ಬೈಕಿನಿಂದಲೋ ಬಿದ್ದು ಕಾಲು ಮುರಿದುಕೊಂಡರೆ, ಮನೆಯವರ ನಡುವೆ ಮೊದಲು ಏಳುವ ಚರ್ಚೆ ಯಾವ ದಿಕ್ಕಿಗೆ ಹೊರಡಬೇಕು ಎಂಬುದು. ನೂರು ಕಿಲೋಮೀಟರ್ ಆಚೆಯ ಬೆಂಗಳೂರೋ, ಹತ್ತಿರದ ಪುಟ್ಟಪರ್ತಿಯೋ, ಇಲ್ಲ ಪೂರ್ವಕ್ಕೆ ಪುತ್ತೂರೋ?

ಈ ಪುತ್ತೂರು ದಕ್ಷಿಣ ಕನ್ನಡದ್ದಲ್ಲ. ತಿರುಪತಿಯಿಂದ ಮದ್ರಾಸಿನ ದಾರಿಯಲ್ಲಿರುವ, ಹಳೆಯ ಚಿತ್ತೂರು ಜಿಲ್ಲೆಯ ಊರು. ಬೆಂಗಳೂರಿನ ಗಲ್ಲಿಗಳಲ್ಲಿ ‘ಪುತ್ತೂರು ಕಟ್ಟು’ ಎಂಬ ಬೋರ್ಡು ಕಂಡಾಗಲೆಲ್ಲ ಕರಾವಳಿಯವರು ಹುಬ್ಬೇರಿಸುವುದುಂಟು. ಅಲ್ಲಿನ ರಾಜು ಮನೆತನದ ಮೂಳೆ ಕಟ್ಟುವ ವೃತ್ತಿ 1881ರಲ್ಲಿ ಕೇಶವರಾಜು ಅವರಿಂದ ಆರಂಭವಾಯಿತು ಎನ್ನುತ್ತಾರೆ. ಬೇಟೆಯಲ್ಲಿ ಕಾಲು ಮುರಿದ ಮೊಲಕ್ಕೆ ಸೊಪ್ಪು ಸುತ್ತಿಟ್ಟಿದ್ದು, ಮೂಳೆ ಕೂಡಿದ್ದು ಆ ಮನೆತನದ ಮೂಲಕತೆ. ಕತೆ ಹೇಗಾದರೂ ಇರಲಿ, ಕೆಲಸದ ಕ್ರಮ ಕಣ್ಣಿಗೆ ಕಾಣುವಂಥದ್ದು. ಕೈಯಿಂದ ಒತ್ತಿ, ಎಳೆದು ಮೂಳೆಯನ್ನು ಸಾಲಿಗೆ ತರುತ್ತಾರೆ. ಸೊಪ್ಪಿನ ರಸ, ಕೋಳಿಮೊಟ್ಟೆಯ ಬಿಳಿ ಲೋಳೆ ಸವರಿದ ಬಟ್ಟೆ ಸುತ್ತುತ್ತಾರೆ. ಅದರ ಮೇಲೆ ಬಿದಿರಿನ ದಬ್ಬೆಗಳನ್ನು ಸಾಲಾಗಿ ಇಟ್ಟು ಬಿಗಿಯುತ್ತಾರೆ. ಲೋಳೆ ಒಣಗಿದರೆ ಬಟ್ಟೆ ಗಟ್ಟಿಯಾಗುತ್ತದೆ. ಕಟ್ಟಿಸಿಕೊಂಡವರು ಆಸ್ಪತ್ರೆಯ ವಾರ್ಡಿನಲ್ಲಿ ಮಲಗಬೇಕಿಲ್ಲ, ಅಂದೇ ಬಸ್ಸು ಹತ್ತಿ ಊರಿಗೆ ಮರಳಬಹುದು. ದಿನಗೂಲಿಯವರಿಗೆ ಇದು ಎಷ್ಟು ದೊಡ್ಡ ಮಾತು ಎಂಬುದನ್ನು ಅರಿಯದೆ ಪುತ್ತೂರಿನ ಜನಪ್ರಿಯತೆಯನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವವರು ಅರ್ಧ ಸತ್ಯವನ್ನಷ್ಟೇ ಹೇಳುತ್ತಾರೆ.

ಇನ್ನರ್ಧ ಸತ್ಯವೂ ಅದೇ 1881ರಲ್ಲೇ ಅಚ್ಚಾಗಿತ್ತು. ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ ಆ ವರ್ಷ ಪ್ರಕಟಿಸಿದ ಲೇಖನದಲ್ಲಿ, ತೀರ ಬಿಗಿಯಾದ ಕಟ್ಟಿನಿಂದ ರಕ್ತಸಂಚಾರ ನಿಂತು ಸ್ನಾಯುಗಳು ಸಾಯುತ್ತವೆ, ಬೆರಳುಗಳು ಕೊಕ್ಕೆಯಂತೆ ಮಡಚಿಕೊಂಡು ಮತ್ತೆ ಬಿಡಿಸಲಾಗದೆ ಹೋಗುತ್ತವೆ ಎಂದು ವಿವರಿಸಿದ. ಆತ ಹೇಳಿದ್ದು ಯುರೋಪಿನ ಕಟ್ಟುಗಳ ಬಗ್ಗೆ. ಬಿದಿರಿನ ದಬ್ಬೆಗಾದರೂ ಪ್ಲಾಸ್ಟರಿಗಾದರೂ ನಿಯಮ ಒಂದೇ. ಕಟ್ಟಿದ ಮೇಲೆ ಬೆರಳ ತುದಿ ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ತಡೆಯಲಾರದಷ್ಟಾದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಹಳ್ಳಿಯಲ್ಲಿ ಮಾತ್ರ ‘ಬಿಗಿ ಇದ್ದರೇ ಮೂಳೆ ಕೂಡೋದು, ಸ್ವಲ್ಪ ತಡ್ಕೋ’ ಎಂಬ ಸಮಾಧಾನವೇ ಮೊದಲು ಸಿಗುತ್ತಿತ್ತು.

ಕಟ್ಟುವ ಕೈಯ ಕತೆಗಳು ಬೇಕಾದಷ್ಟಿವೆ. ಕೈಗುಣ, ಮನೆತನ, ಗುಟ್ಟಿನ ಸೊಪ್ಪು, ಕನಸಿನಲ್ಲಿ ಬಂದ ದೇವರು. ಕಟ್ಟಿಸಿಕೊಂಡವರು ಆಮೇಲೆ ತಿಂಗಳುಗಟ್ಟಲೆ ಹೇಗೆ ಕಾಲ ಹಾಕಿದರು, ಯಾರು ಎತ್ತಿ ಕೂರಿಸಿದರು, ಬಯಲಿಗೆ ಹೇಗೆ ಹೋದರು ಎಂಬ ಇತಿಹಾಸ ಬರೆದವರು ಕಡಿಮೆ. ಆ ಕೆಲಸವೆಲ್ಲ ಹೆಚ್ಚಾಗಿ ಹೆಂಗಸರ ಪಾಲಿಗೆ ಬಂದದ್ದೂ ಇದಕ್ಕೊಂದು ಕಾರಣ ಇರಬೇಕು.

ಅಚ್ಚರಿಯೆಂದರೆ, ಸುಶ್ರುತಸಂಹಿತೆ ಈ ಮರೆತ ಭಾಗಕ್ಕೆ ತಕ್ಕಷ್ಟು ಜಾಗ ಕೊಟ್ಟಿದೆ. ಭಗ್ನ ಚಿಕಿತ್ಸೆಯ ಅಧ್ಯಾಯದಲ್ಲಿ ಆಲ, ಅರಳಿ, ಅತ್ತಿಯ ತೊಗಟೆಗಳನ್ನು ದಬ್ಬೆಯಾಗಿ ಕಟ್ಟುವ ವಿಧಾನವಿದೆ. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಹದವಾದ ಕಾಲದಲ್ಲಿ ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟು ಬದಲಿಸಬೇಕು ಎಂಬ ಲೆಕ್ಕವಿದೆ. ಕಾಲು, ತೊಡೆ ಮುರಿದವರನ್ನು ಬಾಗಿಲಿನಂಥ ಹಲಗೆಯ ಮೇಲೆ ಮಲಗಿಸಿ, ಐದು ಗೂಟ ಬಡಿದು, ಅಲುಗದಂತೆ ಕಟ್ಟುವ ‘ಕಪಾಟಶಯನ’ವಿದೆ. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಮೂಳೆ ನಡುವಯಸ್ಸಿನಲ್ಲಿ ಎರಡು ತಿಂಗಳು, ಮುಪ್ಪಿನಲ್ಲಿ ಮೂರು ತಿಂಗಳು ಬೇಡುತ್ತದೆ ಎಂಬ ಅಂದಾಜು ಇವತ್ತಿನ ಎಕ್ಸ್‌ರೇ ಕೋಣೆಯಲ್ಲೂ ತೀರ ತಪ್ಪೆನಿಸದು.

ಎಲ್ಲಕ್ಕಿಂತ ಸೊಗಸಾದದ್ದು ಅಂಗೈ ಮುರಿದವರಿಗೆ ಹೇಳಿದ ಮಾತು. ಮೊದಲು ಮಣ್ಣಿನ ಮುದ್ದೆ ಹಿಡಿಸಬೇಕು, ಆಮೇಲೆ ಉಪ್ಪಿನ ಗಟ್ಟಿ, ಕೈಗೆ ಬಲ ಬಂದ ಮೇಲೆ ಕಲ್ಲು. ಈಗ ಫಿಸಿಯೋಥೆರಪಿ ಕೋಣೆಯಲ್ಲಿ ಮೆತ್ತನೆಯ ರಬ್ಬರ್ ಚೆಂಡಿನಿಂದ ಶುರುಮಾಡಿ ಗಟ್ಟಿ ಚೆಂಡಿಗೆ ದಾಟಿಸುವುದು ಇದೇ ಮೆಟ್ಟಿಲುಗಳನ್ನು. ಕಟ್ಟು ಬಿಚ್ಚಿದ ದಿನ ಕೆಲಸ ಮುಗಿಯಲಿಲ್ಲ, ಶುರುವಾಯಿತು ಎಂದು ತಿಳಿದವರು ಬರೆದ ಸಾಲು ಅದು. ನಾಟಿ ಕಟ್ಟಿನ ಪರಂಪರೆ ತೊಗಟೆ, ದಬ್ಬೆ, ಪಥ್ಯಗಳನ್ನು ಬಿಗಿಯಾಗಿ ಹಿಡಿದುಕೊಂಡಿತು, ಮಣ್ಣು-ಉಪ್ಪು-ಕಲ್ಲಿನ ಈ ಪಾಠ ಮಾತ್ರ ಎಲ್ಲೋ ಜಾರಿಹೋಯಿತು.

ಯುರೋಪಿನಲ್ಲೂ ಮೂಳೆ ಕಟ್ಟುವುದು ಮನೆತನದ ಕಸುಬೇ ಆಗಿತ್ತು. ಲಿವರ್‌ಪೂಲಿನ ಇವಾನ್ ಥಾಮಸ್ ಪದವಿಯಿಲ್ಲದ ಮೂಳೆ ಕಟ್ಟುವವ. ವೈದ್ಯರ ಕಿರುಕುಳ ತಾಳಲಾರದೆ ಮಕ್ಕಳನ್ನು ವೈದ್ಯಕೀಯ ಓದಿಗೆ ಹಾಕಿದ. ಅವರಲ್ಲೊಬ್ಬನಾದ ಹ್ಯೂ ಓವೆನ್ ಥಾಮಸ್ ಮಾಡಿದ ಕಬ್ಬಿಣದ ಸರಳಿನ ಚೌಕಟ್ಟು ಮೊದಲ ಮಹಾಯುದ್ಧದಲ್ಲಿ ತೊಡೆ ಮುರಿದ ಸಾವಿರಾರು ಸೈನಿಕರ ಜೀವ ಉಳಿಸಿತು. ಥಾಮಸನ ಮಂತ್ರ ವಿಶ್ರಾಂತಿ: ಬಿಡುವಿಲ್ಲದ, ದೀರ್ಘವಾದ ವಿಶ್ರಾಂತಿ. ಡಚ್ ಸೇನಾವೈದ್ಯ ಮಥೈಸನ್ 1850ರ ದಶಕದ ಆರಂಭದಲ್ಲಿ ತಂದ ಪ್ಲಾಸ್ಟರ್ ಆಫ್ ಪ್ಯಾರಿಸ್ ಕೂಡ ಅಲುಗದಿರುವುದನ್ನೇ ಗಟ್ಟಿಮಾಡಿತು. ನಮ್ಮಲ್ಲಿ ಅದಕ್ಕೆ ‘ಸಿಮೆಂಟು ಹಾಕಿದ್ದಾರೆ’ ಎಂಬ ಮಾತು ಬಂತು.

ಹಾಗಾಗಿ ಬಹುಕಾಲ ಆಸ್ಪತ್ರೆಗೆ ಹೋದವರೂ ಮಲಗಲೇಬೇಕಿತ್ತು. ತೊಡೆಮೂಳೆ ಮುರಿದರೆ ಕಾಲಿಗೆ ತೂಕ ಕಟ್ಟುತ್ತಿದ್ದರು. ಮಂಚದ ಕಾಲ್ದೆಸೆಯನ್ನು ಇಟ್ಟಿಗೆ ಇಟ್ಟು ಎತ್ತರಿಸಿ, ರಾಟೆಯ ಮೇಲೆ ಹಗ್ಗ ಹಾಯಿಸಿ, ಅದರ ತುದಿಗೆ ಭಾರ ತೂಗುಬಿಡುತ್ತಿದ್ದರು. ರೋಗಿ ಹಾಗೇ ಮೂರು ತಿಂಗಳು ಅಂಗಾತ ಮಲಗಬೇಕು. ಬೆನ್ನಿಗೆ ಪೌಡರು, ಹಿಮ್ಮಡಿಯ ಕೆಳಗೆ ಬಟ್ಟೆಯ ಸಿಂಬಿ, ಮಗ್ಗುಲಲ್ಲಿ ಬೆಡ್‌ಪ್ಯಾನ್. ಬೆನ್ನುಹುಣ್ಣು, ಎದೆಕಫ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇವು ಮುದುಕರನ್ನು ಮೂಳೆಮುರಿತಕ್ಕಿಂತ ಬೇಗ ಒಯ್ಯುತ್ತಿದ್ದವು. ಸೊಂಟದ ಮೂಳೆ ಮುರಿದ ಅಜ್ಜಿ ‘ಹಾಸಿಗೆ ಹಿಡಿದಳು’ ಎಂದರೆ ನೆಂಟರಿಗೆಲ್ಲ ಹೇಳಿಕಳಿಸುವ ಹೊತ್ತಾಯಿತು ಎಂದೇ ಊರು ತಿಳಿಯುತ್ತಿತ್ತು.

ಲೆಕ್ಕವನ್ನು ತಿರುಗಿಸಿದ್ದು ಒಂದು ಮೊಳೆ. 1939ರ ಕೊನೆಗೆ ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ ತೊಡೆಮೂಳೆಯ ಟೊಳ್ಳಿನೊಳಗೇ ಉದ್ದನೆಯ ಉಕ್ಕಿನ ಸರಳು ಇಳಿಸಿ ರೋಗಿಯನ್ನು ಕೆಲವೇ ದಿನಗಳಲ್ಲಿ ಎಬ್ಬಿಸಿ ನಿಲ್ಲಿಸಿದ. ಎರಡನೆಯ ಮಹಾಯುದ್ಧ ಮುಗಿದು, ಜರ್ಮನಿಯಲ್ಲಿ ಈ ಚಿಕಿತ್ಸೆ ಪಡೆದ ಯುದ್ಧಕೈದಿಗಳು ತಮ್ಮ ದೇಶಗಳಿಗೆ ಮರಳಿದಾಗ, ಎಕ್ಸ್‌ರೇಯಲ್ಲಿ ಕಂಡ ಸರಳು ಅಲ್ಲಿನ ವೈದ್ಯರನ್ನು ಬೆಚ್ಚಿಬೀಳಿಸಿತು. 1958ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರ ಗುಂಪೊಂದು ಪ್ಲೇಟು, ಸ್ಕ್ರೂಗಳ ಶಿಸ್ತನ್ನು ರೂಪಿಸಿತು. 1960ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಸೊಂಟದ ಕೀಲನ್ನೇ ಬದಲಿಸಿ ತೋರಿಸಿದ. ‘ರಾಡ್ ಹಾಕಿದ್ದಾರಂತೆ’ ಎಂಬ ಸುದ್ದಿ ಹಿಂದೂಪುರದ ಕಡೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಲು ಇನ್ನೂ ದಶಕಗಳು ಬೇಕಾದವು.

ಅದು ಬಂದ ದಾರಿಗಳು ಹಲವು. 1969ರಲ್ಲಿ ಅನಂತಪುರಕ್ಕೆ ಬಂದ ಸ್ಪೇನಿನ ವಿನ್ಸೆಂಟ್ ಫೆರರ್ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಬತ್ತಲಪಲ್ಲಿ, ಕಲ್ಯಾಣದುರ್ಗಗಳಲ್ಲಿ ಆಸ್ಪತ್ರೆ ತೆರೆಯಿತು, ಅಂಗವಿಕಲರಿಗಾಗಿಯೂ ಕೆಲಸ ಮಾಡಿತು. 1991ರ ನವೆಂಬರಿನಲ್ಲಿ ಪುಟ್ಟಪರ್ತಿಯ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬಾಗಿಲು ತೆರೆಯಿತು. ಬಿಲ್ಲಿಂಗ್ ಕೌಂಟರೇ ಇಲ್ಲದ ಆಸ್ಪತ್ರೆ ಎಂದು ಹೆಸರಾದ ಅಲ್ಲಿ ಹೃದಯದ ವಿಭಾಗದಿಂದ ಶುರುವಾದ ಸೇವೆಗೆ ಮುಂದೆ ಮೂಳೆ ವಿಭಾಗವೂ ಸೇರಿತು. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಶುರುವಾದ 108 ಆಂಬುಲೆನ್ಸ್ ಸೇವೆ, ಎತ್ತಿನಗಾಡಿ, ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಮುರಿದ ಕಾಲು ಕುಲುಕುವುದನ್ನು ಎಷ್ಟೋ ತಪ್ಪಿಸಿತು. 2007ರ ಏಪ್ರಿಲ್‌ನಲ್ಲಿ ಬಡವರ ಚಿಕಿತ್ಸೆಯ ವೆಚ್ಚ ಭರಿಸುವ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಯಾದ ಮೂರು ಜಿಲ್ಲೆಗಳಲ್ಲಿ ಅನಂತಪುರವೂ ಒಂದು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಕೀಲುಗಳ ಬೆಲೆಗೆ ಮಿತಿ ಹಾಕಿದಾಗ, ಒಂದೂವರೆ ಲಕ್ಷ ದಾಟಿದ್ದ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು.

ಆಪರೇಷನ್ ಹತ್ತಿರವಾಯಿತು, ಮನೆ ಮಾತ್ರ ಇದ್ದಲ್ಲೇ ಇದೆ. ಬಹುಪಾಲು ಕಷ್ಟ ಹುಟ್ಟುವುದು ಈ ಅಂತರದಲ್ಲಿ.

ಕಲ್ಲುಚಪ್ಪಡಿಯ ಮೆಟ್ಟಿಲು, ಅದರ ಮೇಲೆ ಜಗಲಿ, ಆಮೇಲೆ ಗೇಣೆತ್ತರದ ಹೊಸ್ತಿಲು. ಊಟ ನೆಲದ ಮೇಲೆ, ನಿದ್ದೆ ಚಾಪೆಯ ಮೇಲೆ, ಪಾಯಿಖಾನೆ ಹಿತ್ತಲಿನ ಕೊನೆಯಲ್ಲಿ, ಅದೂ ಕುಕ್ಕರಗಾಲಿನದು. ಸೊಂಟದ ಕೀಲು ಬದಲಿಸಿಕೊಂಡವರಿಗೆ ಡಾಕ್ಟರು ಹೇಳುವ ಬೇಡಗಳ ಪಟ್ಟಿಯೋ ಇದರ ತದ್ವಿರುದ್ಧ: ನೆಲಕ್ಕೆ ಕೂರಬೇಡಿ, ಚಕ್ಕಂಬಕ್ಕಳ ಹಾಕಬೇಡಿ, ಬಗ್ಗಿ ನೆಲದ ಮೇಲಿನದು ಎತ್ತಬೇಡಿ, ಕುಕ್ಕರಗಾಲಲ್ಲಿ ಕೂರಲೇಬೇಡಿ. ಚಾರ್ನ್ಲಿಯ ದೇಶದಲ್ಲಿ ಮಂಚ, ಕುರ್ಚಿ, ಕಮೋಡು ಮೊದಲೇ ಇದ್ದವು. ಇಲ್ಲಿ ಕೀಲಿನ ಜೊತೆಗೆ ಬದುಕಿನ ಎತ್ತರವನ್ನೂ ಒಂದೂವರೆ ಅಡಿ ಏರಿಸಬೇಕು. ಸ್ವಚ್ಛ ಭಾರತದ ಹೆಸರಿನಲ್ಲಿ 2014ರ ನಂತರ ಹಳ್ಳಿಗಳಲ್ಲಿ ಎದ್ದ ಶೌಚಾಲಯಗಳಲ್ಲೂ ಸಾಮಾನ್ಯವಾಗಿ ಕೂರಿಸಿದ್ದು ಕುಕ್ಕರಗಾಲಿನ ಗುಂಡಿಯನ್ನೇ. ಒಳಗೆ ವಾಕರ್ ತಿರುಗಿಸಲು ಜಾಗವಿಲ್ಲ, ಹಿಡಿದು ಏಳಲು ಗೋಡೆಯಲ್ಲಿ ಸರಳಿಲ್ಲ. ಇದಕ್ಕೆ ಜನವೇ ಕಂಡುಕೊಂಡ ಉಪಾಯವೊಂದಿದೆ. ಪ್ಲಾಸ್ಟಿಕ್ ಕುರ್ಚಿಯ ನಡುವೆ ಗುಂಡಗೆ ಕೊರೆದು, ಅಂಚು ಚುಚ್ಚದಂತೆ ಸೈಕಲ್ ಟ್ಯೂಬು ಸುತ್ತಿ, ಗುಂಡಿಯ ಮೇಲಿಡುವುದು. ನೂರಾರು ರೂಪಾಯಿಯ ಈ ಕುರ್ಚಿಗೆ ಮೂಳೆ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಸಾಲಾದರೂ ಸಲ್ಲಬೇಕು. ಕುರ್ಚಿಯ ಕಾಲುಗಳು ಜಾರದಂತೆ ನೋಡಿಕೊಂಡರೆ ಸಾಕು.

ಪಥ್ಯದ ವಿಷಯದಲ್ಲಿ ಹಳತು-ಹೊಸತಿನ ಜಗಳ ಅಷ್ಟಿಲ್ಲ. ಸುಶ್ರುತ ಬೇಡವೆಂದ ಹುಳಿ, ಖಾರ, ಉಪ್ಪನ್ನು ಹಳ್ಳಿಯ ಅಜ್ಜಿಯರು ಇಂದಿಗೂ ಬೇಡ ಎನ್ನುತ್ತಾರೆ, ಡಾಕ್ಟರು ಎಲ್ಲ ತಿನ್ನಿ ಎನ್ನುತ್ತಾರೆ. ಆದರೆ ಮಂಗರಬಳ್ಳಿಯ ಚಟ್ನಿ, ಮೇಕೆಯ ಕಾಲುಸೂಪು, ರಾಗಿಮುದ್ದೆ ಇವಕ್ಕೆ ಇಬ್ಬರದೂ ಹೆಚ್ಚುಕಡಿಮೆ ಒಪ್ಪಿಗೆಯೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ.

ಮೂಳೆ ಕಟ್ಟುವ ಕಸುಬನ್ನೂ ಎಬ್ಬಿಸಿ ನಡೆಸುವ ಕಸುಬನ್ನೂ ಕಾನೂನು ಬೇರೆ ಬೇರೆಯಾಗಿ ಕಂಡಿದೆ. ಅರ್ಹತೆ, ನೋಂದಣಿ ಇಲ್ಲದ ಪಾರಂಪರಿಕ ವೈದ್ಯರು ವೃತ್ತಿ ನಡೆಸುವಂತಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಹೇಳಿತು. ಎಬ್ಬಿಸಿ ನಡೆಸುವ ಫಿಸಿಯೋಥೆರಪಿಸ್ಟರಿಗೆ ದೇಶಮಟ್ಟದ ಕಾನೂನಿನ ಗುರುತು ಬಂದದ್ದು 2021ರಲ್ಲಿ. ನಮ್ಮಲ್ಲಿ ಈ ವಿದ್ಯೆಯ ಮೊದಲ ಶಾಲೆ 1950ರ ದಶಕದ ಆರಂಭದಲ್ಲಿ, ಪೋಲಿಯೊ ಹಾವಳಿಯ ಹಿನ್ನೆಲೆಯಲ್ಲಿ, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ತೆರೆದದ್ದನ್ನು ನೆನೆದರೆ ಕಾಯ್ದದ್ದು ಏಳು ದಶಕ.

ಆ ವಿದ್ಯೆಯ ಮೊದಲ ಪಾಠಗಳು ಸರಳವಾದವು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಊರುಗೋಲಿನ ಭಾರ ಅಂಗೈ ಮೇಲಿರಬೇಕು, ಕಂಕುಳಿಗೆ ಒತ್ತಿದರೆ ನರ ಜಖಂ ಆಗಿ ಕೈ ಜೋಮು ಹಿಡಿಯುತ್ತದೆ. ವಾಕರ್‌ನ ಹಿಡಿ, ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಸಮವಾಗಿರಬೇಕು. ಹಳ್ಳಿಗಳಲ್ಲಿ ವಾಕರ್ ಒಬ್ಬರ ಮನೆಯದಾಗಿ ಉಳಿಯುವುದು ಕಡಿಮೆ. ಒಬ್ಬರು ಎದ್ದು ಓಡಾಡುವಂತಾದ ಮೇಲೆ ಅದು ಬೀಗರ ಮನೆಗೆ, ಅಲ್ಲಿಂದ ಪಕ್ಕದ ಬೀದಿಗೆ ಸಾಗುತ್ತದೆ, ಮೊದಲ ರೋಗಿಯ ಎತ್ತರಕ್ಕೆ ಹೊಂದಿಸಿದಂತೆಯೇ. ಕುಳ್ಳಗಿನ ಅತ್ತೆ ಹೆಗಲು ಎತ್ತಿಕೊಂಡು, ಎತ್ತರದ ಮಾವ ಸೊಂಟ ಬಗ್ಗಿಸಿಕೊಂಡು ಅದರಲ್ಲೇ ನಡೆಯುತ್ತಾರೆ. ನಾಲ್ಕೂ ಕಾಲುಗಳಲ್ಲಿ ಸ್ಪ್ರಿಂಗಿನ ಪುಟ್ಟ ಗುಂಡಿಯಿದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ, ಕೊಳವೆಯನ್ನು ಒಂದು ತೂತು ಮೇಲಕ್ಕೋ ಕೆಳಕ್ಕೋ ಸರಿಸಿ ‘ಟಕ್’ ಎಂದು ಕೂರಿಸಿದರೆ ಆಯಿತು. ನಾಲ್ಕಕ್ಕೂ ಸೇರಿ ಒಂದು ನಿಮಿಷದ ಕೆಲಸ.