ಆಯಿಲ್ ಮುಳ್ಳು ಇಳಿದಾಗ: ಕೀಲೆಣ್ಣೆಯಿಂದ ಆಯಿಲ್ ಪಂಪಿನವರೆಗೆ

ಈ ಸಲ ಬೆಳೆ ವಿಷಯ ಅಲ್ಲ, ಇಂಜಿನ್ ವಿಷಯ. ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ. ಹಳೇ ಟ್ರ್ಯಾಕ್ಟರ್ ತಗೋಬೇಕು ಅಂತ ಓಡಾಡ್ತಿರೋರು ಮಾತ್ರ ಪೂರ್ತಿ ಓದಲೇಬೇಕು.

ಹೋದ ಚಳಿಗಾಲದಲ್ಲಿ ಎರಡು ಹಸು ಮಾರಿದ ದುಡ್ಡಿಗೆ ಸ್ವಲ್ಪ ಸಾಲ ಸೇರಿಸಿ ಒಂದು ಹಳೇ ಟ್ರ್ಯಾಕ್ಟರ್ ತಂದೆ. ನೋಡೋಕೆ ಹೋಗಿದ್ದು ಬೆಳಿಗ್ಗೆ ಏಳು ಗಂಟೆಗೆ. ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯ್ತು. ಆಯಿಲ್ ಪ್ರೆಶರ್ ಮುಳ್ಳು ಸರ್ರನೆ 4ಕ್ಕೆ ಹೋಗಿ ನಿಂತಿತು. ಅದನ್ನ ನೋಡಿಯೇ ಅರ್ಧ ಧೈರ್ಯ ಬಂದಿದ್ದು. ಹತ್ತು ದಿನ ಓಡಿಸಿ ಆಮೇಲೆ ಸರ್ವೀಸ್ ಮಾಡೋಣ ಅಂತ ಆಯಿಲ್ ಇಳಿಸಿದೆ. ಇಳಿದಿದ್ದು ಆಯಿಲ್ ಅಲ್ಲ, ಬೆಲ್ಲದ ಪಾಕ. ಬಿಸಿ ಇದ್ದಾಗಲೇ ನೂಲು ನೂಲಾಗಿ ಬೀಳ್ತಿತ್ತು. ಕಂಪನಿ ಪುಸ್ತಕದಲ್ಲಿ ಹೇಳಿದ 15ಡಬ್ಲ್ಯು-40 ಆಯಿಲ್ ಹಾಕಿ, ಫಿಲ್ಟರ್ ಹೊಸದು ಹಾಕಿದೆ. ಮಾರನೇ ದಿನ ಒಂದು ಗಂಟೆ ರೋಟಾವೇಟರ್ ಹೊಡೆದು ಸ್ಲೋನಲ್ಲಿ ಬಿಟ್ಟರೆ ಮುಳ್ಳು ತಳಕ್ಕೆ ಬಿದ್ದಿತ್ತು, ಕೆಂಪು ಲೈಟು ಮಿಣುಕ್ತಾ ಇತ್ತು. ಅಲ್ಲೇ ಆಫ್ ಮಾಡಿದೆ.

ಸಂಜೆಯೊಳಗೆ ಮೂರು ಸಲಹೆ ಬಂತು. ಒಬ್ಬರು, "ಹೊಸ ಆಯಿಲೇ ಡೂಪ್ಲಿಕೇಟ್" ಅಂದರು. ಇನ್ನೊಬ್ಬರು, "ಫುಲ್ ಇಂಜಿನ್ ಕೆಲಸ, 65 ಸಾವಿರ ಇಟ್ಕೊ" ಅಂದರು. ಮೂರನೆಯವರು ಮೆಲ್ಲಗೆ, "ದಪ್ಪ ಆಯಿಲ್ ಹುಯ್ದು ಮುಳ್ಳು ಏರಿಸಿ ಮಾರಿಬಿಡು" ಅಂದರು. ಆ ಮೂರನೇ ಮಾತಿಗೆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಕೈಗೆ ಈ ಗಾಡಿ ಬಂದಿದ್ದೂ ಹಾಗೇ ಇರಬೇಕು ಅನ್ನಿಸ್ತು.

ಮಗಳು ಡಿಪ್ಲೊಮಾ ಮಾಡುವಾಗಿನ ಪುಸ್ತಕಗಳು ಅಟ್ಟದ ಮೇಲಿದ್ದವು. ಅವನ್ನ ಇಳಿಸಿ, ಅರ್ಥ ಆಗದ್ದನ್ನ ಅವಳಿಗೆ ಫೋನ್ ಮಾಡಿ ಕೇಳ್ಕೊಂಡು ಓದಿದೆ. ಆ ಮುಳ್ಳು ಏನು ಹೇಳುತ್ತೆ, ಏನು ಹೇಳಲ್ಲ ಅಂತ ತಿಳಿಯೋಕೆ ಅದರ ಹಿಂದಿನ ಚರಿತ್ರೆ ತಿಳಿದರೆ ಸಾಕು. ಅದನ್ನೇ ಇಲ್ಲಿ ಬರೀತಿದೀನಿ.

ನಮ್ಮ ಎತ್ತಿನ ಗಾಡಿಯಿಂದಲೇ ಶುರು ಮಾಡೋಣ. ನಮ್ಮಪ್ಪನ ಗಾಡಿ ಕೆಳಗೆ ಒಂದು ಬಿದಿರಿನ ಕೊಳವೆ ನೇತಾಡ್ತಿತ್ತು. ಅದರಲ್ಲಿ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಕೀಲೆಣ್ಣೆ. ಅಚ್ಚು ಕಿರ್ರ್ ಅಂದರೆ ಗಾಡಿ ನಿಲ್ಲಿಸಿ, ಚಕ್ರ ಸರಿಸಿ ಬಳಿಯೋದು. ಆಗ ಗೇಜು ಅಂದರೆ ಕಿವಿ. ರೈಲು ಬಂದಾಗಲೂ ಮೊದಮೊದಲು ಹೀಗೇ ಇತ್ತು. ಅಮೆರಿಕದಲ್ಲಿ ಎಲೈಜಾ ಮೆಕಾಯ್ ಅನ್ನೋರು ರೈಲಿನ ಇಂಜಿನ್ನಿಗೆ ಕಲ್ಲಿದ್ದಲು ಹಾಕೋದು, ಎಣ್ಣೆ ಬಿಡೋದು ಮಾಡ್ತಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾಕ್ಕೆ ಓಡಿಹೋದ ತಂದೆ ತಾಯಿಯ ಮಗ. ಸ್ಕಾಟ್ಲೆಂಡಿಗೆ ಹೋಗಿ ಇಂಜಿನಿಯರಿಂಗ್ ಕಲಿತು ಬಂದರೂ ಕರಿಯ ಅಂತ ಸಿಕ್ಕಿದ್ದು ಈ ಕೆಲಸ. ಇಂಜಿನ್ ಓಡ್ತಾ ಇರುವಾಗಲೇ ತಾನಾಗಿ ಎಣ್ಣೆ ಬಿಡುವ ಬಟ್ಟಲಿಗೆ 1872ರಲ್ಲಿ ಅವರು ಪೇಟೆಂಟ್ ತಗೊಂಡರು.

ಆದರೂ ಎಣ್ಣೆ ಒಳಗೆ ಹೋಗಿ ಏನು ಮಾಡುತ್ತೆ ಅಂತ ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಾಗಿದ್ದು 1883ರಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಸ್ಥೆಗೋಸ್ಕರ ಬೋಶಾಂಪ್ ಟವರ್ ಅನ್ನೋರು ರೈಲಿನ ಅಚ್ಚಿನ ಬೇರಿಂಗ್ ಮೇಲೆ ಪರೀಕ್ಷೆ ಮಾಡ್ತಿದ್ದರು. ಎಣ್ಣೆ ಬಿಡೋಕೆ ಅಂತ ಬೇರಿಂಗಿನ ನೆತ್ತಿಗೆ ತೂತು ಕೊರೆದರು. ಅಚ್ಚು ತಿರುಗೋಕೆ ಶುರುವಾದರೆ ಎಣ್ಣೆ ಒಳಗೆ ಹೋಗೋ ಬದಲು ತೂತಿನಿಂದ ಮೇಲಕ್ಕೆ ಉಕ್ಕಿ ಬಂತು. ಬಿರಡೆ ಹೊಡೆದರು, ಕಿತ್ತು ಬಂತು. ಮರದ ಗೂಟ ಜಡಿದರು, ಅದೂ ಕಿತ್ತು ಬಂತು. ಕೊನೆಗೆ ಅಲ್ಲಿಗೆ ಒಂದು ಗೇಜ್ ಕೂರಿಸಿದರು. ಬೇರಿಂಗ್ ಮೇಲೆ ಹೊರಿಸಿದ್ದ ಭಾರ ಸರಾಸರಿ ಚದರ ಇಂಚಿಗೆ 100 ಪೌಂಡು. ಗೇಜಿನ ಮುಳ್ಳು 200 ದಾಟಿಬಿಟ್ಟಿತು. ಅಲ್ಲಿ ಪಂಪೂ ಇಲ್ಲ ಏನೂ ಇಲ್ಲ, ತಿರುಗೋ ಅಚ್ಚೇ ಆ ಒತ್ತಡ ಹುಟ್ಟಿಸಿತ್ತು.

ಇದರ ಲೆಕ್ಕ ಬಿಡಿಸಿದ್ದು ಆಸ್ಬೋರ್ನ್ ರೆನಾಲ್ಡ್ಸ್ ಅನ್ನೋ ಪ್ರೊಫೆಸರು, 1886ರಲ್ಲಿ. ಮಳೆಯಲ್ಲಿ ಟಾರ್ ರಸ್ತೆ ಮೇಲೆ ಬೈಕ್ ಜೋರಾಗಿ ಹೋದರೆ ಟೈರು ನೀರಿನ ಮೇಲೆ ತೇಲಿ ಜಾರುತ್ತಲ್ಲ, ಹಾಗೇ ಇದು. ತಿರುಗೋ ಅಚ್ಚು ಎಣ್ಣೆಯನ್ನ ಕಿರಿದಾಗ್ತಾ ಹೋಗೋ ಸಂದಿಗೆ ಎಳ್ಕೊಂಡು ಹೋಗಿ, ಅದರ ಮೇಲೆ ತಾನೇ ತೇಲುತ್ತೆ. ಕಬ್ಬಿಣಕ್ಕೆ ಕಬ್ಬಿಣ ತಾಗೋದೇ ಇಲ್ಲ. ಆ ಎಣ್ಣೆ ಪದರ ಕೂದಲಿಗಿಂತ ತೆಳು.

ಹಾಗಾದರೆ ಆಯಿಲ್ ಪಂಪ್ ಯಾಕೆ ಬೇಕು? ಇಂಜಿನ್ ಸ್ಪೀಡ್ ಜಾಸ್ತಿ ಆದ ಹಾಗೆ ಎಣ್ಣೆ ಬಿಸಿಯಾಗಿ ಪಕ್ಕದಿಂದ ಸೋರಿಹೋಗುತ್ತೆ. ಹೋದಷ್ಟನ್ನ ತುಂಬ್ತಾ ಇರಬೇಕು, ಬಿಸಿಯನ್ನೂ ಹೊತ್ಕೊಂಡು ಹೋಗಬೇಕು. ಬರ್ಮಿಂಗ್‌ಹ್ಯಾಮಿನ ಒಂದು ಉಗಿ ಇಂಜಿನ್ ಕಾರ್ಖಾನೆಯಲ್ಲಿ ನಕ್ಷೆ ಬರೆಯೋ ಕೆಲಸದಲ್ಲಿದ್ದ ಆಲ್ಬರ್ಟ್ ಪೇನ್ ಅನ್ನೋರು, ಪಂಪಿನಿಂದ ಒತ್ತಿ ಬೇರಿಂಗುಗಳಿಗೆ ಎಣ್ಣೆ ಕಳಿಸುವ ಪದ್ಧತಿಗೆ 1890ರಲ್ಲಿ ಪೇಟೆಂಟ್ ತಗೊಂಡರು. ಇವತ್ತು ನಮ್ಮ ಟ್ರ್ಯಾಕ್ಟರಿನ ಚೇಂಬರ್ ಒಳಗೆ ನಡೀತಿರೋದು ಅದೇ ಪದ್ಧತಿ.

ಎಲ್ಲರೂ ಅದನ್ನ ತಕ್ಷಣ ಹಿಡಿಯಲಿಲ್ಲ. 1908ರಿಂದ 1927ರವರೆಗೆ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಆಯಿಲ್ ಪಂಪೇ ಇರಲಿಲ್ಲ, ಗೇಜೂ ಇರಲಿಲ್ಲ. ಫ್ಲೈವೀಲ್ ಎಣ್ಣೆಯನ್ನ ಎರಚಿ ಎತ್ತೋದು, ಅದು ಒಂದು ಪೈಪಿನಲ್ಲಿ ಹರಿದು ಮುಂದಕ್ಕೆ ಹೋಗೋದು. ಎಣ್ಣೆ ಇದೆಯೋ ಇಲ್ವೋ ನೋಡೋಕೆ ಗಾಡಿ ಕೆಳಗೆ ತೂರಿ ಎರಡು ಸಣ್ಣ ನಲ್ಲಿ ತಿರುಗಿಸಿ ನೋಡಬೇಕಿತ್ತು. ಸ್ಪೀಡು, ಭಾರ ಎರಡೂ ಹೆಚ್ಚಿದಾಗ ಎರಚೋದು ಸಾಲದೆ ಪಂಪು ಬಂತು, ಅದರ ಜೊತೆ ಗೇಜು ಬಂತು.

ಡ್ರಿಪ್ ಹಾಕಿರೋರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಮೋಟರ್ ಹತ್ತಿರದ ಗೇಜು ನೀರು ಎಷ್ಟು ಹೋಯ್ತು ಅಂತ ಹೇಳಲ್ಲ, ಮುಂದೆ ಎಷ್ಟು ತಡೆ ಇದೆ ಅಂತ ಹೇಳುತ್ತೆ. ನಾಲ್ಕು ಪೈಪಿನ ತುದಿ ಬಿಚ್ಚಿದರೆ ಮೋಟರ್ ಚೆನ್ನಾಗಿದ್ದರೂ ಮುಳ್ಳು ಇಳಿಯುತ್ತೆ. ಇಂಜಿನ್ನಿನಲ್ಲೂ ಬೇರಿಂಗ್ ಸವೆದು ಸಂದಿ ಅಗಲ ಆದರೆ ಎಣ್ಣೆ ಪಕ್ಕಕ್ಕೆ ಸೋರಿ ಮುಳ್ಳು ಇಳಿಯುತ್ತೆ. ಆಗ ದಪ್ಪ ಎಣ್ಣೆ ಹಾಕಿದರೆ? ಡ್ರಿಪ್ಪಿಗೆ ಗಂಜಿ ಬಿಟ್ಟ ಹಾಗೆ. ತಡೆ ಹೆಚ್ಚಿ ಮುಳ್ಳು ಮೇಲೇರುತ್ತೆ, ಆದರೆ ಕೊನೆ ಗಿಡಕ್ಕೆ ಬೇಕಾದಷ್ಟು ಹೋಗಲ್ಲ, ಸವೆತವೂ ವಾಸಿಯಾಗಲ್ಲ. ನನ್ನ ಗಾಡಿಯ ಮುಳ್ಳು ಆ ಬೆಳಿಗ್ಗೆ 4 ತೋರಿಸಿದ್ದರ ಗುಟ್ಟು ಇದೇ. ಇಂಜಿನ್ ತಣ್ಣಗಿತ್ತು, ಒಳಗೆ ಪಾಕ ಇತ್ತು.

ಇಷ್ಟು ತಿಳ್ಕೊಂಡ ಮೇಲೆ ಮೇಸ್ತ್ರಿ ಹತ್ತಿರ ಹೋದೆ. "ಅಣ್ಣಾ, ಇಂಜಿನ್ ಆಮೇಲೆ ಬಿಚ್ಚೋಣ, ಮೊದಲು ಮುಳ್ಳು ನಿಜ ಹೇಳ್ತಿದೆಯಾ ನೋಡೋಣ" ಅಂದರು ಅವರೇ. ನಾವು ನೋಡಿದ್ದು ಈ ಕ್ರಮದಲ್ಲಿ.

ಮೊದಲು ಗೇಜು ಕಡ್ಡಿ. ಮಟ್ಟ ಸರಿಯಿತ್ತು. ಎಣ್ಣೆಯನ್ನ ಬೆರಳಿಗೆ ಸವರಿ ಡೀಸೆಲ್ ವಾಸನೆ ಇದೆಯಾ ನೋಡಿದೆವು. ಡೀಸೆಲ್ ಒಳಗೆ ಸೋರಿದರೆ ಎಣ್ಣೆ ತೆಳುವಾಗುತ್ತೆ, ಕಡ್ಡಿಯಲ್ಲಿ ಮಟ್ಟ ತಾನಾಗಿ ಏರುತ್ತೆ. ನಮ್ಮದರಲ್ಲಿ ಅದಿರಲಿಲ್ಲ.

ಎರಡನೆಯದು ಗೇಜು. ಡ್ಯಾಶ್‌ಬೋರ್ಡಿನ ಕರೆಂಟ್ ಮೀಟರ್ ವೈರು ತುಕ್ಕು ಹಿಡಿದರೂ ಸುಳ್ಳು ಹೇಳುತ್ತೆ. ಮೇಸ್ತ್ರಿ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ನೇರ ಒತ್ತಡದ ಗೇಜ್ ಕೂರಿಸಿದರು. ಅದರೊಳಗೆ ಇರೋದು ಬಗ್ಗಿಸಿದ ಒಂದು ಚಪ್ಪಟೆ ಕೊಳವೆ. ಜಾತ್ರೆಯಲ್ಲಿ ಮಕ್ಕಳು ಊದಿದರೆ ಸುರುಳಿ ಬಿಚ್ಚಿಕೊಳ್ಳುವ ಪೀಪಿ ಇರುತ್ತಲ್ಲ, ಅದೇ ತತ್ವ. ಪ್ಯಾರಿಸ್ಸಿನ ಯೂಜೀನ್ ಬೂರ್ಡೋನ್ 1849ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡಿದ್ದು. ನಮ್ಮ ಡ್ರಿಪ್ ಫಿಲ್ಟರಿನ ಗೇಜಿನಲ್ಲಿ ಇರೋದೂ ಅದೇ. ಒಂದು ಗಂಟೆ ಕೆಲಸ ಮಾಡಿಸಿ ನೋಡಿದರೆ ಸ್ಲೋನಲ್ಲಿ 0.6 ಕೆಜಿ, ಆಕ್ಸಿಲೇಟರ್ ಕೊಟ್ಟರೆ 1.8. ಮೀಟರ್ ಸುಳ್ಳು ಹೇಳಿರಲಿಲ್ಲ.

ಮೂರನೆಯದು ಎಣ್ಣೆ. ಎಣ್ಣೆಗೆ ನಂಬರ್ ಕೊಡೋ ಪದ್ಧತಿಯನ್ನ ಅಮೆರಿಕದ ಎಸ್‌ಎಇ ಸಂಸ್ಥೆ 1911ರಲ್ಲಿ ಶುರು ಮಾಡಿತು. ಚಳಿಗೂ ಬಿಸಿಗೂ ಒಗ್ಗುವ ಎರಡು ನಂಬರಿನ ಎಣ್ಣೆ ಬಳಕೆಗೆ ಬಂದಿದ್ದು 1950ರ ದಶಕದಲ್ಲಿ. ನಮ್ಮಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಗೇರ್ ಆಯಿಲ್ 90 ಅಂದರೆ ಇಂಜಿನ್ ಆಯಿಲ್ 40ಕ್ಕಿಂತ ಎರಡರಷ್ಟು ದಪ್ಪ ಅಂತ. ಹಾಗಲ್ಲ, ಎರಡರ ಅಳತೆಗೋಲೇ ಬೇರೆ. ಬಿಸಿಯಲ್ಲಿ 90ರ ಗೇರ್ ಆಯಿಲ್ ಹೆಚ್ಚುಕಮ್ಮಿ 40-50ರ ಇಂಜಿನ್ ಆಯಿಲಿನಷ್ಟೇ ಇರುತ್ತೆ. ಜೊತೆಗೆ ಮಸಿ ತೊಳೆಯೋ ಗುಣ ಅದಕ್ಕಿಲ್ಲ. ಇಂಜಿನ್ನಿಗೆ ಅದನ್ನ ಹಾಕಲೇಬಾರದು. ನಾನು ಹಾಕಿದ್ದ ಎಣ್ಣೆ ಸರಿಯಾದದ್ದೇ, ಅದರ ಮೇಲೆ ತಪ್ಪು ಹೊರಿಸೋ ಹಾಗಿರಲಿಲ್ಲ.

ನಾಲ್ಕನೆಯದು ಫಿಲ್ಟರ್ ಮತ್ತು ರಿಲೀಫ್ ವಾಲ್ವ್. ಕಾರಿಗೆ ಆಯಿಲ್ ಫಿಲ್ಟರ್ ಬಂದಿದ್ದೇ 1923ರಲ್ಲಿ, ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ಅನ್ನೋ ಇಬ್ಬರಿಂದ. ನಮ್ಮದು ಹೊಸ ಫಿಲ್ಟರ್. ವಾಲ್ವ್ ಬಿಚ್ಚಿ ತೊಳೆದೆವು, ಸ್ಪ್ರಿಂಗ್ ಚೆನ್ನಾಗಿತ್ತು, ಕಸ ಸಿಕ್ಕಿರಲಿಲ್ಲ.

ಐದನೆಯದು ಚೇಂಬರ್. ಹೆಡ್ ಮುಟ್ಟದೆ ಕೆಳಗಿನ ಚೇಂಬರ್ ಮಾತ್ರ ಇಳಿಸಿದೆವು. ಜಾಲರಿಯಲ್ಲಿ ಸ್ವಲ್ಪ ಮಸಿ ಇತ್ತು, ಪಂಪಿನ ಗೇರ್ ಸಂದಿ ಅಳತೆಯೊಳಗಿತ್ತು. ಬೇರಿಂಗ್ ಕ್ಯಾಪ್ ಬಿಚ್ಚಿದಾಗ ಮೇಸ್ತ್ರಿ ಏನೂ ಮಾತಾಡದೆ ನನ್ನ ಕೈಗೆ ಕೊಟ್ಟರು. ಬೂದು ಬಣ್ಣ ಇರಬೇಕಾದ ಕಡೆ ತಾಮ್ರ ಹೊಳೀತಿತ್ತು. ಐಸಾಕ್ ಬ್ಯಾಬಿಟ್ ಅನ್ನೋ ಅಕ್ಕಸಾಲಿಗ 1839ರಲ್ಲಿ ಅಮೆರಿಕದಲ್ಲಿ ತವರ ಬೆರೆತ ಮೆತ್ತನೆ ಲೋಹವನ್ನ ಬೇರಿಂಗಿಗೆ ತಂದರು. ಸವೆಯೋದಾದರೆ ಬೆಲೆಬಾಳುವ ಅಚ್ಚು ಸವೆಯಬಾರದು, ಮೆತ್ತನೆ ಲೋಹ ಸವೆಯಲಿ ಅನ್ನೋದೇ ಅದರ ಉದ್ದೇಶ. ಈಗಿನ ಬೇರಿಂಗಿನಲ್ಲೂ ಮೇಲಿನ ಮೆತ್ತನೆ ಪದರ ಅದಕ್ಕೇ ಇರೋದು. ನನ್ನದರಲ್ಲಿ ಅದು ಪೂರ್ತಿ ಹೋಗಿತ್ತು. ಲೇತ್ ಅಂಗಡಿಯವರು ಕ್ರ್ಯಾಂಕನ್ನ ಮೈಕ್ರೋಮೀಟರಿನಲ್ಲಿ ಅಳೆದರು, ಇನ್ನೂ ಅಳತೆಯೊಳಗೇ ಇತ್ತು. ಬೇರಿಂಗ್ ತನ್ನ ಕೆಲಸ ಮಾಡಿ ಕ್ರ್ಯಾಂಕ್ ಉಳಿಸಿತ್ತು. ದಪ್ಪ ಎಣ್ಣೆಯಲ್ಲೇ ಇನ್ನೊಂದು ಸುಗ್ಗಿ ಓಡಿಸಿದ್ದರೆ ಉಳೀತಿರಲಿಲ್ಲ.

ಮೇನ್, ಬಿಗ್ ಎಂಡ್ ಎರಡೂ ಬೇರಿಂಗ್ ಸೆಟ್, ಪ್ಯಾಕಿಂಗ್, ಎಣ್ಣೆ, ಕೂಲಿ ಸೇರಿ 14 ಸಾವಿರ ಚಿಲ್ಲರೆ ಆಯ್ತು. ಈಗ ಬಿಸಿಯಲ್ಲಿ ಸ್ಲೋಗೆ 1.5 ಕೆಜಿ ನಿಲ್ಲುತ್ತೆ. ನಿಮ್ಮ ಗಾಡಿಗೆ ಎಷ್ಟಿರಬೇಕು ಅನ್ನೋದನ್ನ ಅದರ ಪುಸ್ತಕದಲ್ಲೇ ನೋಡಿ, ನನ್ನ ಲೆಕ್ಕ ಹಿಡೀಬೇಡಿ.

ಮಾರಿದವರಿಗೆ ಫೋನ್ ಮಾಡಿದ್ದೆ. ಜಗಳಕ್ಕೇ ಮಾಡಿದ್ದು ಅಂತಲೇ ಇಟ್ಕೊಳ್ಳಿ. ವಯಸ್ಸಾದವರು. "ಲೈಟು ಮಿಣುಕ್ತಿತ್ತಪ್ಪಾ, ಅಂಗಡಿಯವನು ಯಾವುದೋ ಡಬ್ಬಿ ಕೊಟ್ಟ, ಹುಯ್ದೆ. ಮುಳ್ಳು ಮೇಲೆ ಬಂತು. ಸರಿಹೋಯ್ತು ಅಂದ್ಕೊಂಡೆ" ಅಂದರು. ಅರ್ಧ ನಂಬಿದೆ. ಸ್ವಲ್ಪ ಹೊತ್ತು ಬಿಟ್ಟು, "ಈಗ ಎಲ್ಲಿ ನಿಲ್ಲುತ್ತೆ ಮುಳ್ಳು?" ಅಂತ ಕೇಳಿದರು. ಹೇಳಿದೆ. ಜಗಳ ಆಡೋಕೆ ಮನಸ್ಸು ಬರಲಿಲ್ಲ.

ಹಳೇ ಗಾಡಿ ನೋಡೋಕೆ ಹೋಗೋರಿಗೆ ಇಷ್ಟೇ. ಬೆಳಗಿನ ತಣ್ಣನೆ ಇಂಜಿನ್ ನೋಡಿ ಒಪ್ಪಬೇಡಿ. ಒಂದು ಗಂಟೆ ಭಾರ ಎಳೆಸಿ, ಆಮೇಲೆ ಸ್ಲೋನಲ್ಲಿ ಮುಳ್ಳು ನೋಡಿ. ಕಡ್ಡಿ ಎತ್ತಿ ಎಣ್ಣೆ ಹೇಗೆ ತೊಟ್ಟಿಕ್ಕುತ್ತೆ ನೋಡಿ, ಪಾಕದ ಹಾಗೆ ನೂಲು ಬಂದರೆ ಕೇಳಿ. ಕೆಂಪು ಲೈಟು ಬಂದರೆ ಸಾಲಿನ ಕೊನೆವರೆಗೂ ಹೋಗಬೇಡಿ, ಅಲ್ಲೇ ಆಫ್ ಮಾಡಿ. ನೇರ ಗೇಜ್ ಒಂದನ್ನ ನಾನು ತಂದಿಟ್ಟಿದೀನಿ. ಅಕ್ಕಪಕ್ಕದ ಊರಿನೋರು ಬೇಕಾದರೆ ಬಂದು ತಗೊಂಡು ಹೋಗಿ, ಕೆಲಸ ಆದ ಮೇಲೆ ಮರೀದೆ ತಂದುಕೊಡಿ.