ಮಾಳಿಗೆಯ ಮೇಲಿನ ಪಲ್ಯ: ಜತ್ತ ನಾಡಿನ ಬೇಸಗೆಯ ಸಂಗ್ರಹ

ಜತ್ತ ತಾಲ್ಲೂಕಿನ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಡಫಳೆ ಮನೆತನದಿಂದ ಆರಂಭಿಸುತ್ತಾರೆ. ಬಿಜಾಪುರದ ಆದಿಲಶಾಹಿಯ ಕಾಲದಲ್ಲಿ ತಲೆಯೆತ್ತಿದ ಆ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡುದು, ಮರುವರ್ಷ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆಗೆ ಸೇರಿದುದು, ಆ ಜಿಲ್ಲೆಯೇ 1960ರಲ್ಲಿ ಸಾಂಗಲಿಯೆಂದು ಹೆಸರು ಪಡೆದುದು, 1967ರ ಮಹಾಜನ ಆಯೋಗದ ವರದಿಯಲ್ಲಿ ನಮ್ಮ ಹಳ್ಳಿಗಳ ಮಾತು ಬಂದುದು, ಇವೆಲ್ಲ ಸಂಘದ ಸದಸ್ಯರಿಗೆ ಬಾಯಿಪಾಠವಾದ ಸಂಗತಿಗಳು. ಪ್ರತಿ ಸಮ್ಮೇಳನದಲ್ಲಿಯೂ ಇವನ್ನು ಕೇಳಿದ್ದೇವೆ. ಈ ಬಾರಿ ನಾವು ಹಿಡಿದಿರುವ ಎಳೆ ಅಡುಗೆಮನೆಯದು. ಹಿತ್ತಲಿನ ಮತ್ತು ಹೊಲದ ಸೊಪ್ಪು, ಹೂ, ಬೇರುಗಳನ್ನು ಆಯ್ದು, ಒಣಗಿಸಿ, ಗಡಿಗೆಯಲ್ಲಿ ತುಂಬಿ ಬೇಸಗೆಯನ್ನು ದಾಟಿದ ಹೆಣ್ಣುಮಕ್ಕಳ ಚರಿತ್ರೆಗೆ ಸನದು, ಫರ್ಮಾನುಗಳ ಆಧಾರವಿಲ್ಲ. ಆದರೆ ಅದರ ಸಾಕ್ಷಿಗಳು ಇನ್ನೂ ನಮ್ಮ ನಡುವೆ ಇದ್ದಾರೆ, ಮತ್ತು ಅವರಿಗೆ ವಯಸ್ಸಾಗಿದೆ.

ಮೊದಲು ನೆಲದ ಮಾತು. ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದಿರುವ ನಮ್ಮ ನಾಡಿಗೆ ಮುಂಗಾರು ನೆಚ್ಚಬಹುದಾದ ನೆಂಟನಲ್ಲ. ಬಂದರೆ ಬಂದಿತು, ಇಲ್ಲವಾದರೆ ಮೋಡ ತೋರಿಸಿ ಹೋಯಿತು. ಉಮದಿ, ಸಂಖ, ಮಾಡಗ್ಯಾಳ, ಬಾಲಗಾಂವ, ಗುಡ್ಡಾಪುರ, ಉಮರಾಣಿ, ಬಿಳೂರುಗಳ ಕಡೆಗೆ ಹಿಂಗಾರಿ ಮಳೆಯೇ ಅನ್ನದಾತ. ಬಿಳಿಜೋಳ, ಕಡಲೆ, ಕುಸುಬೆಗಳು ಅದನ್ನು ನಂಬಿ ಬೆಳೆಯುತ್ತವೆ. ಹೀಗಾಗಿ ಇಲ್ಲಿ ಹಸಿರು ಹೆಚ್ಚಾಗಿ ಕಾಣುವುದು ಚಳಿಗಾಲದಲ್ಲಿ. ಮಾಘ ಕಳೆದು ರಾಶಿ ಮುಗಿಯಿತೆಂದರೆ ಮೃಗಶಿರಾ ಮಳೆಯವರೆಗೆ ಹೊಲದಲ್ಲಿ ಕೀಳಲು ಒಂದು ಎಲೆಯೂ ಸಿಗುವುದಿಲ್ಲ. ಆದ್ದರಿಂದ ನಮ್ಮಲ್ಲಿ ಬೇಸಗೆಯ ಸಂಗ್ರಹವೆಂದರೆ ಎರಡು ಕೆಲಸ: ಚಳಿಯಲ್ಲಿ ಆಯ್ದುದನ್ನು ಬೇಸಗೆಗೆಂದು ಕಾಪಾಡುವುದು, ಬೇಸಗೆಯಲ್ಲಿಯೇ ಕೈಗೆ ಬರುವುದನ್ನು ವರ್ಷಕ್ಕೆಂದು ಕೂಡಿಡುವುದು.

ಮೊದಲನೆಯದರಲ್ಲಿ ಹಿರಿಯ ಸ್ಥಾನ ಕಡಲಿ ಪಲ್ಯದ್ದು. ಗಿಡ ಗೇಣುದ್ದವಾಗಿ ಹೂ ಬಿಡುವ ಮೊದಲು ಹೆಣ್ಣುಮಕ್ಕಳು ಸಾಲುಗಟ್ಟಿ ಕುಡಿ ಚಿವುಟುತ್ತಾರೆ. ಚಿವುಟಿದ ಗಿಡ ಪಕ್ಕಕ್ಕೆ ಟಿಸಿಲೊಡೆದು ಹೆಚ್ಚು ಕಾಯಿ ಕಟ್ಟುವುದರಿಂದ ಹೊಲದ ಒಡೆಯನ ತಕರಾರಿಲ್ಲ. ಹೊಲವಿಲ್ಲದವರಿಗೂ ಒಂದು ಉಡಿ ಪಲ್ಯ ದಕ್ಕುತ್ತಿತ್ತು. ತಂದ ಕುಡಿಯನ್ನು ಹಳೆಯ ಧೋತರದ ಮೇಲೆ ತೆಳ್ಳಗೆ ಹರವಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಬಣ್ಣ ಮಾತ್ರ ಕಪ್ಪಾಗಿ ರುಚಿ ಹೋಗುತ್ತದೆ. ಗರಿಗರಿಯಾದ ಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ, ಕಡ್ಡಿ ಬೇರ್ಪಡಿಸಿ ಗಡಿಗೆಗೆ ತುಂಬುವುದು. ವೈಶಾಖದ ಮಧ್ಯಾಹ್ನ ಅದರಲ್ಲಿ ಒಂದು ಹಿಡಿ ತೆಗೆದು, ಜೋಳದ ನುಚ್ಚನ್ನೋ ತೊಗರಿ ಬೇಳೆಯನ್ನೋ ಕೂಡಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಮನೆಮಂದಿಗೆಲ್ಲ ಸಾಕು. ಒಂದು ಹಿಡಿ ಎಂದರೆ ಹಸಿಯಿದ್ದಾಗ ಒಂದು ಬುಟ್ಟಿಯಷ್ಟು ಪಲ್ಯ.

ಇದೇ ಕಡಲೆಯ ಇನ್ನೊಂದು ಉತ್ಪನ್ನವನ್ನು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದು ಕಷ್ಟ. ಕಡಲೆ ಗಿಡದ ಎಲೆಯ ಮೇಲಿನ ಸಣ್ಣ ರೋಮಗಳಿಂದ ಹುಳಿ ಒಸರುತ್ತದೆ. ರಾತ್ರಿಯ ಇಬ್ಬನಿ ಅದನ್ನು ಕರಗಿಸಿಕೊಳ್ಳುತ್ತದೆ. ನಸುಕಿನಲ್ಲಿ ತೊಳೆದ ಬಿಳಿ ಅರಿವೆಯನ್ನು ಗಿಡಗಳ ಮೇಲೆ ಹಾಸಿ, ಅದು ತೊಯ್ದ ಮೇಲೆ ಪಾತ್ರೆಗೆ ಹಿಂಡಿದರೆ ಸಿಗುವುದೇ ಕಡಲಿ ಹುಳಿ. ಸಂಸ್ಕೃತದ ವೈದ್ಯರು ಇದನ್ನು ಚಣಕಾಮ್ಲವೆಂದರು, ಮರಾಠಿಗರು ಆಂಬ ಎನ್ನುತ್ತಾರೆ. ಅದರಲ್ಲಿರುವುದು ಮುಖ್ಯವಾಗಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳೆಂದು ರಸಾಯನಶಾಸ್ತ್ರ ಹೇಳುತ್ತದೆ. ಮುಂಜಾನೆ ಬರಿಗಾಲಿನಲ್ಲಿ ಕಡಲೆ ಹೊಲ ಹೊಕ್ಕವರಿಗೆ ಶಾಸ್ತ್ರದ ಅಗತ್ಯವಿಲ್ಲ, ಒಡೆದ ಹಿಮ್ಮಡಿ ಉರಿದು ತಿಳಿಸುತ್ತದೆ. ಹೊಟ್ಟೆನೋವು, ಅಜೀರ್ಣಗಳಿಗೆ ಈ ಹುಳಿಯ ನಾಲ್ಕು ಹನಿ ನೀರಿನಲ್ಲಿ ಬೆರೆಸಿ ಕೊಡುವ ರೂಢಿಯಿತ್ತು. ಶೀಶೆಯಲ್ಲಿ ಬಿರಡೆ ಹಾಕಿ ಗೂಡಿನಲ್ಲಿಟ್ಟರೆ ಬೇಸಗೆಯನ್ನೆಲ್ಲ ದಾಟುತ್ತಿತ್ತು.

ಪುಂಡಿಯದು ಬೇರೆ ಕಥೆ. ಹೊಲದ ಬದುವಿನಲ್ಲಿ ನಾಲ್ಕು ಸಾಲು ಬಿತ್ತಿದರೆ ಎಲೆ ಪಲ್ಯಕ್ಕೆ, ನಾರು ಹಗ್ಗಕ್ಕೆ, ಬೀಜ ಎಣ್ಣೆಗೆ. ಹುಳಿ ಇರುವುದರಿಂದ ಬೇಯಿಸಿದ ಪುಂಡಿ ಪಲ್ಯ ಎರಡು ಮೂರು ದಿನ ಕೆಡುವುದಿಲ್ಲ; ಎಳ್ಳಮಾವಾಸ್ಯೆಯ ಚರಗದಲ್ಲಿ ಸಜ್ಜಿ ರೊಟ್ಟಿಯ ಜೊತೆಗೆ ಅದಕ್ಕೆ ತಪ್ಪದ ಜಾಗವಿದೆ. ಒಣಗಿಸಿದ ಎಲೆ ಬೇಸಗೆಗೆ. ಹೊಲದಲ್ಲಿ ತಾನಾಗಿ ಹುಟ್ಟುವ ಹತ್ತರಕಿ, ಗೋಳಿ, ಕಿರಕಸಾಲಿಗಳು ಹಸಿಯಾಗಿಯೇ ತಿನ್ನುವಂಥವು. ಗೋಳಿಯ ಎಲೆಯಲ್ಲಿ ನೀರಿನಂಶ ಬಹಳ, ಒಣಗಿಸಹೋದರೆ ಕೈಗೆ ಏನೂ ಉಳಿಯುವುದಿಲ್ಲ. ಎರೆನೆಲದ ಕರ್ಚಿಕಾಯಿಯನ್ನು ಮಾತ್ರ ಉಪ್ಪು ಸವರಿ ಒಣಗಿಸಿ, ಬೇಕಾದಾಗ ಎಣ್ಣೆಯಲ್ಲಿ ಹುರಿಯುತ್ತಿದ್ದರು. ಚವಳಿಕಾಯಿ ಮತ್ತು ಮೆಣಸಿನಕಾಯಿಗೆ ಉಪ್ಪು ಮಜ್ಜಿಗೆಯ ಸಂಸ್ಕಾರ.

ಇನ್ನು ಬೇಸಗೆಯಲ್ಲಿಯೇ ಆಯುವುದು. ಯುಗಾದಿಗೆ ಬೇವು ಹೂ ಬಿಡುತ್ತದೆ. ಹಬ್ಬದ ಬೇವು-ಬೆಲ್ಲಕ್ಕೆ ಬೇಕಾದುದು ಒಂದು ಹಿಡಿ. ಉಳಿದದ್ದನ್ನು ಗಿಡದ ಕೆಳಗೆ ಸೀರೆ ಹಾಸಿ ಉದುರಿಸಿ, ಒಣಗಿಸಿ, ಪಿತ್ತಕ್ಕೆಂದು ಇಡುತ್ತಿದ್ದರು. ಆಗಲೇ ಹುಣಸೆಯ ಕೆಲಸವೂ ಬರುತ್ತದೆ: ಬಡಿಯುವುದು, ಸಿಪ್ಪೆ ಬಿಡಿಸುವುದು, ಬೀಜ ತೆಗೆದು ಹರಳುಪ್ಪು ಹಾಕಿ ಗಡಿಗೆಯಲ್ಲಿ ಗಿಡಿಯುವುದು. ಒಣಗಿ ನಿಂತ ನೆಗ್ಗಿಲು ಬಳ್ಳಿಯಿಂದ ಮುಳ್ಳುಕಾಯಿಗಳನ್ನು ಆಯ್ದು ಉರಿಮೂತ್ರದ ಕಷಾಯಕ್ಕೆ ಇಡುವುದು ಮುದುಕರ ಪಾಲಿನ ಕೆಲಸ. ಹಿರೇಮದ್ದಿನ ಬೇರು, ಅಮೃತಬಳ್ಳಿಯ ಕಾಂಡ, ಹಿತ್ತಲಿನ ತುಳಸಿ ಮತ್ತು ಕಾಮಕಸ್ತೂರಿಯ ಬೀಜ, ಓಂಕಾಳು, ಹಳ್ಳದ ದಂಡೆಯ ಲಕ್ಕಿ ಸೊಪ್ಪು, ಎಲ್ಲಕ್ಕೂ ಒಂದೊಂದು ಗಂಟು. ಬೇರುಗಳನ್ನು ಗ್ರೀಷ್ಮದಲ್ಲಿ ಅಥವಾ ಶಿಶಿರದಲ್ಲಿ, ಎಲೆ ಉದುರಿದ ಮೇಲೆ ತೆಗೆಯಬೇಕೆಂದು ಚರಕಸಂಹಿತೆಯ ಕಲ್ಪಸ್ಥಾನ ಹೇಳುತ್ತದೆ. ಅದನ್ನು ಓದದ ನಮ್ಮ ಅಜ್ಜಿಯರೂ ಬೇರು ಅಗೆಯಲು ಆರಿಸಿಕೊಂಡದ್ದು ಅದೇ ಕಾಲವನ್ನು. ಮಣ್ಣು ಕಲ್ಲಿನಂತೆ ಗಟ್ಟಿಯಾದ ದಿನಗಳಲ್ಲಿ ಯಾರೂ ಸುಮ್ಮನೆ ಗುದ್ದಲಿ ಎತ್ತುವುದಿಲ್ಲ. ಈ ಔಷಧಿಗಳ ಗುಣದೋಷದ ವಾದವನ್ನು ವೈದ್ಯರಿಗೆ ಬಿಡೋಣ. ನಮಗೆ ಇಲ್ಲಿ ಮುಖ್ಯವಾದುದು ಅವುಗಳನ್ನು ಗುರುತಿಸಿ, ಕಾಲವರಿತು ಕಿತ್ತು, ಕೆಡದಂತೆ ಇಡುತ್ತಿದ್ದ ತಿಳಿವಳಿಕೆ.

ಇಡುವ ವಿದ್ಯೆಗೆ ಮನೆಯೇ ಸಾಧನವಾಗಿತ್ತು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಚಪ್ಪಟೆಯಾದ ಆ ಮಾಳಿಗೆ ಏಪ್ರಿಲ್-ಮೇ ತಿಂಗಳಲ್ಲಿ ಹೆಣ್ಣುಮಕ್ಕಳ ಕಾರ್ಯಾಲಯ. ಒಂದು ಮೂಲೆಗೆ ಶಾವಿಗೆ, ಇನ್ನೊಂದಕ್ಕೆ ಸಂಡಿಗೆ, ಗೋಡೆಯ ನೆರಳಿಗೆ ಪಲ್ಯ. ಮಣ್ಣು ಹದವಾಗಿ ಕಾಯುತ್ತದೆ, ಕೆಳಗಿನ ತೇವವನ್ನು ಹೀರುತ್ತದೆ. ಇಂದಿನ ತಗಡಿನ ಮೇಲೆ ಹಾಕಿದ ಸೊಪ್ಪು ಒಣಗುವ ಮೊದಲೇ ಸೀಯುತ್ತದೆ. ಒಣಗಿದ್ದನ್ನು ತುಂಬಿದ ಗಡಿಗೆಯ ತಳಕ್ಕೆ ಬೇವಿನೆಲೆ, ಬಾಯಿಗೆ ಅರಿವೆ, ಅದರ ಮೇಲೆ ಮಣ್ಣು-ಸಗಣಿಯ ಮೆತ್ತಿಗೆ. ಬೀಜಕ್ಕೆ ಬೂದಿ. ಒಣಗಿದ ಸೋರೆಯ ಬುರುಡೆಯಲ್ಲಿ ತುಂಬಿ ಒಲೆಯ ಮೇಲಿನ ಜಂತಿಗೆ ತೂಗುಹಾಕಿದರೆ ಹೊಗೆ ಅದನ್ನು ಹುಳದಿಂದ ಕಾಯುತ್ತಿತ್ತು. ಜೋಳಕ್ಕೆ ನೆಲದೊಳಗಿನ ಹಗೇವು. ನಮ್ಮ ಜಿಲ್ಲಾಸ್ಥಳದ ಪಕ್ಕದ ಹರಿಪುರದಲ್ಲಿ ಅರಿಷಿಣವನ್ನೂ ಇಂಥ ನೆಲದ ಕುಣಿಗಳಲ್ಲಿ ತುಂಬಿ ಮಣ್ಣು ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ಮರಾಠಿಯಲ್ಲಿ ಅವಕ್ಕೆ ಪೇವ ಎನ್ನುತ್ತಾರೆ. 2005ರ ಕೃಷ್ಣೆಯ ಮಹಾಪೂರ ಅವುಗಳೊಳಗೆ ನುಗ್ಗಿ ಅಪಾರ ಹಾನಿ ಮಾಡಿತು.

ಈ ಜ್ಞಾನಕ್ಕೆ ಗ್ರಂಥದ ಆಸರೆ ಇಲ್ಲವೇ ಎಂದು ಕೇಳುವ ವಿದ್ವಾಂಸರು ಇದ್ದಾರೆ. ಇದೆ. ಕಲ್ಯಾಣ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿ ಅಡುಗೆ, ವೃಕ್ಷಾಯುರ್ವೇದ, ಔಷಧಿ ಎಲ್ಲವೂ ಒಂದೇ ಕಡೆ ಕೂಡಿವೆ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ ಗೋವೈದ್ಯ ದನಕರುಗಳ ಮದ್ದಿನ ಪುಸ್ತಕ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ಸೂಪಶಾಸ್ತ್ರವಂತೂ ಪಾಕಕ್ಕೇ ಮೀಸಲು. ಇವು ಅರಮನೆಯ ಆಶ್ರಯದಲ್ಲಿ ಹುಟ್ಟಿದ ಕೃತಿಗಳು. ಕಡಲೆಯ ಕುಡಿ ಚಿವುಟುವವಳ ಮಾತು ಅವುಗಳಿಗೆ ಎಷ್ಟು ಇಳಿದಿದೆಯೋ, ಅವುಗಳ ಮಾತು ಅವಳಿಗೆ ಎಷ್ಟು ಮುಟ್ಟಿದೆಯೋ, ಅಳೆಯಲು ಬರುವಂತಿಲ್ಲ. ಆದರೂ ಉಮರಾಣಿಯಲ್ಲಿ ಹುಟ್ಟಿ, ದಾನಗುಣದಿಂದಲೇ ಹೆಸರು ಪಡೆದು, ಗುಡ್ಡಾಪುರದಲ್ಲಿ ನೆಲೆನಿಂತಳೆಂದು ಐತಿಹ್ಯ ಹೇಳುವ ದಾನಮ್ಮ ತಾಯಿಯ ನಾಡಿನಲ್ಲಿ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು: ಗಡಿಗೆ ತುಂಬಿಟ್ಟವರಿಗೆ ಮಾತ್ರ ದಾಸೋಹ ಸಾಧ್ಯವಾಗುತ್ತಿತ್ತು.

ಗಡಿಗೆಗಳ ನಿಜವಾದ ಪರೀಕ್ಷೆ ನಡೆದದ್ದು ಬರಗಳಲ್ಲಿ. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ದಖ್ಖನ್ ಮತ್ತು ಕರ್ನಾಟಕದ ಒಣಸೀಮೆಯನ್ನೆಲ್ಲ ಹಿಂಡಿತು. ಅದರ ಬಳಿಕ ಮುಂಬಯಿ ಸರಕಾರದ ಗೆಝೆಟಿಯರ್ ಮಾಲೆಯ ಸಸ್ಯಶಾಸ್ತ್ರದ ಸಂಪುಟ 1886ರಲ್ಲಿ ಹೊರಬಂದಾಗ, ಡಾ. ಲಿಸ್ಬೋವಾ ಅವರು ಬರದಲ್ಲಿ ಜನ ತಿಂದ ಗಿಡಗಳ ಪಟ್ಟಿಯನ್ನು ಅದರಲ್ಲಿ ಸೇರಿಸಿದರು. 1896-97 ಮತ್ತು 1899-1900ರ ಬರಗಳ ನಂತರ ಸಸ್ಯಶಾಸ್ತ್ರಜ್ಞ ಗ್ಯಾಮಿ 1902ರಲ್ಲಿ ಇದೇ ವಿಷಯದ ಮೇಲೆ ಇನ್ನೊಂದು ಟಿಪ್ಪಣಿ ಪ್ರಕಟಿಸಿದರು. ಇಂಥ ಪಟ್ಟಿಗಳು ಬೆಲೆಯುಳ್ಳವು. ಆದರೆ ಅವುಗಳ ಶೀರ್ಷಿಕೆಯ ಬಗ್ಗೆ ನಮ್ಮದೊಂದು ಆಕ್ಷೇಪವಿದೆ. ಬರದ ಸಸ್ಯಗಳೆಂದು ಅಧಿಕಾರಿಗಳು ಕರೆದಾಗ, ಹೊಲದ ಕಾಡುಸೊಪ್ಪುಗಳೆಲ್ಲ ಗತಿಗೆಟ್ಟವರ ಆಹಾರವೆಂಬ ಭಾವನೆ ಬೇರೂರಿತು. ಹತ್ತರಕಿಯನ್ನು ನಮ್ಮವರು ಸುಗ್ಗಿಯ ಕಾಲದಲ್ಲಿಯೂ, ಬಿಸಿರೊಟ್ಟಿಯ ಮೇಲೆ ಶೇಂಗಾ ಹಿಂಡಿಯ ಜೊತೆಗೆ, ಆಸೆಪಟ್ಟು ತಿನ್ನುತ್ತಾರೆ. ಬರ ಬಂದಾಗ ಅದೇ ತಿಳಿವಳಿಕೆ ಪ್ರಾಣ ಉಳಿಸಿತೆಂಬುದು ಬೇರೆ ಮಾತು.

ಎಪ್ಪತ್ತೆರಡರ ಬರವನ್ನು ಕಂಡವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ರಸ್ತೆಯ ಬದಿಗೆ ಖಡಿ ಒಡೆಯುವ ಕೆಲಸ, ಸರಕಾರ ಹಂಚಿದ ಸುಕಡಿ, ಹೊರದೇಶದಿಂದ ಬಂದ ಮಿಲೋ ಎಂಬ ಕೆಂಪು ಜೋಳ, ಇವು ಅವರ ನೆನಪಿನ ಗುರುತುಗಳು. ಆ ಮಿಲೋದ ರೊಟ್ಟಿ ಗಂಟಲಿಗಿಳಿಯದೆ, ಗಡಿಗೆಯ ತಳ ಕೆರೆದು ತೆಗೆದ ಹಳೆಯ ಕಡಲಿ ಪಲ್ಯದ ನೀರಿನಲ್ಲಿ ಅದ್ದಿ ತಿಂದುದನ್ನು ಹಿರಿಯರು ಹೇಳುವಾಗ ಮುಖ ಕಿವುಚುತ್ತಾರೆ, ಮಿಲೋಕ್ಕೆ, ಪಲ್ಯಕ್ಕೆ ಅಲ್ಲ. ಉದ್ಯೋಗ ಖಾತ್ರಿಯ ವಿಚಾರ ಮಹಾರಾಷ್ಟ್ರದಲ್ಲಿ ಮೊಳೆತುದು ಆ ದಿನಗಳಲ್ಲಿಯೇ. 1977ರಲ್ಲಿ ಅದಕ್ಕೆ ಕಾನೂನಿನ ರೂಪ ಬಂತು.

ಗಡಿನಾಡಿನವರಾದ ನಮಗೆ ಇದರಲ್ಲಿ ಇನ್ನೊಂದು ಸಂಪತ್ತೂ ಇದೆ. ನಮ್ಮ ಸಂತೆಯಲ್ಲಿ ಪ್ರತಿ ಗಿಡಕ್ಕೂ ಎರಡು ಹೆಸರು. ಪುಂಡಿ ಎಂದರೆ ಅಂಬಾಡಿ, ಹತ್ತರಕಿ ಎಂದರೆ ಪಾಥರಿ, ಗೋಳಿ ಎಂದರೆ ಘೋಳ, ಲಕ್ಕಿ ಎಂದರೆ ನಿರ್ಗುಡಿ, ಕರ್ಚಿಕಾಯಿ ಎಂದರೆ ಕಡವಂಚಿ, ನೆಗ್ಗಿಲು ಎಂದರೆ ಸರಾಟೆ, ಅಮೃತಬಳ್ಳಿ ಎಂದರೆ ಗುಳವೇಲ. ಮಾರುವವಳು ಕೊಳ್ಳುವವರ ಮುಖ ನೋಡಿ ಹೆಸರು ಹೇಳುತ್ತಿದ್ದಳು. ಕನ್ನಡ ಶಾಲೆಯ ಪುಸ್ತಕದಲ್ಲಿ ಈ ಹೆಸರುಗಳಿಲ್ಲ, ಮರಾಠಿ ಶಾಲೆಯ ಪುಸ್ತಕದಲ್ಲಿಯೂ ಹೆಚ್ಚೇನೂ ಇಲ್ಲ. ಗಿಡವನ್ನು ಕೈಯಲ್ಲಿ ಹಿಡಿದು ಹೆಸರು ಹೇಳಿಕೊಟ್ಟ ಅಜ್ಜಿಯೇ ಇವುಗಳ ನಿಘಂಟು. ಶಾಲೆ, ಫಲಕ, ದಾಖಲೆಪತ್ರಗಳ ಕನ್ನಡಕ್ಕಾಗಿ ಸಂಘ ಮಾಡಿದ ಹೋರಾಟ ದೊಡ್ಡದು. ಹೊಲದ ಕನ್ನಡ ಮಾತ್ರ ಯಾವ ಠರಾವಿನಲ್ಲಿಯೂ ಬರದೆ ಸದ್ದಿಲ್ಲದೆ ಕರಗುತ್ತಿದೆ ಎಂಬುದು ನಮ್ಮ ಚಿಂತೆ.

ಕರಗಲು ಕಾರಣಗಳು ಕಣ್ಣೆದುರಿಗಿವೆ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಹತ್ತರಕಿ ಏಳುವುದಿಲ್ಲ. ಎದ್ದರೂ ತಿನ್ನಲು ಅಂಜಿಕೆ. ಕುಡಿ ಚಿವುಟುವ ಕಾಲಕ್ಕೆ ಅನೇಕ ಕುಟುಂಬಗಳು ಊರಿನಲ್ಲಿಯೇ ಇರುವುದಿಲ್ಲ. ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯಲು ಕೃಷ್ಣಾ-ಪಂಚಗಂಗೆಯ ದಂಡೆಗೆ ಹೋದವರು ತಿರುಗಿ ಬರುವುದು ಹೊಲ ಬರಿದಾದ ಮೇಲೆ. ತೋಟಗಾರಿಕೆ ಬಂದಲ್ಲಿ ದುಡ್ಡು ಬಂದಿದೆ, ಅದನ್ನು ಅಲ್ಲಗಳೆಯುವ ಮೂರ್ಖತನ ನಮಗೆ ಬೇಡ. ದಾಳಿಂಬೆ, ದ್ರಾಕ್ಷಿಗಳು ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿವೆ.

ಆ ದ್ರಾಕ್ಷಿಯನ್ನು ಒಣಗಿಸುವ ಶೆಡ್ಡುಗಳನ್ನು ಜತ್ತದ ರಸ್ತೆಗಳಲ್ಲಿ ಸಾಗುವವರೆಲ್ಲ ನೋಡಿದ್ದಾರೆ. ಹಸಿರು ಬಲೆ ಹೊದಿಸಿ, ಜಾಲರಿಯ ಅಂತಸ್ತುಗಳ ಮೇಲೆ ಹಣ್ಣು ಹರವಿ, ಬಿಸಿಲು ನೇರವಾಗಿ ಬೀಳದಂತೆ ಗಾಳಿಗೆ ಬಿಡುತ್ತಾರೆ. ನೇರ ಬಿಸಿಲಿಗೆ ಬಿದ್ದರೆ ಬೇದಾಣೆ ಕಪ್ಪಾಗುತ್ತದೆ, ನೆರಳಿನಲ್ಲಿ ಒಣಗಿದರೆ ಹಸಿರು ಉಳಿದು ಬೆಲೆ ಬರುತ್ತದೆ. ಸಾಂಗಲಿಯ ಬೇದಾಣೆಗೆ ಇಂದು ಭೌಗೋಳಿಕ ಸೂಚಿಕೆಯ ಮನ್ನಣೆಯೂ ಇದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಹಣ್ಣು ಹರವುವ, ಆರಿಸುವ ಕೂಲಿಗೆ ಹೋಗುವವರು ಬಹುಪಾಲು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳೇ. ಅವರಲ್ಲಿ ಹಿರಿಯರಾದವರು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಒಮ್ಮೊಮ್ಮೆ, ರೊಟ್ಟಿಯ ಮೇಲೆ ಕಡಲಿ ಪಲ್ಯ ಕಾಣುತ್ತದೆ.